ಕೊನೆಯ ಚೀಲಕ್ಕೆ ಮೊದಲೇ: ಇಂಗ್ಲೆಂಡಿನಲ್ಲಿ ಸ್ಟೋಮಾ ಸಾಮಗ್ರಿ ಕೂಡಿಟ್ಟುಕೊಳ್ಳುವ ಬಗೆ

ಡಿಸೆಂಬರ್ 24ರ ಸಂಜೆ ಪೆಟ್ಟಿಗೆ ಬಂತು. ತೆರೆದು ನೋಡಿದರೆ ಸ್ಟೋಮಾ ಚೀಲಗಳ ರಂಧ್ರವನ್ನು 38 ಮಿಲಿಮೀಟರ್‌ಗೆ ಕತ್ತರಿಸಿದ್ದರು. ನನ್ನ ಅಳತೆ 28. ಹತ್ತು ಮಿಲಿಮೀಟರ್ ಏನು ಮಹಾ ಎನಿಸಬಹುದು. ನನ್ನದು ಇಲಿಯಾಸ್ಟಮಿ. ಅಂದರೆ ಸಣ್ಣ ಕರುಳಿನ ತುದಿಯನ್ನು ಹೊಟ್ಟೆಯ ಮೇಲೆ ತೆರೆದಿದ್ದಾರೆ. ಆ ಬಾಯಿಗೆ ಸ್ಟೋಮಾ ಎನ್ನುತ್ತಾರೆ, ಅದರ ಸುತ್ತ ಅಂಟಿಸಿದ ಚೀಲದಲ್ಲಿ ಮಲ ತುಂಬಿಕೊಳ್ಳುತ್ತದೆ. ಅಲ್ಲಿಂದ ನೀರಾಗಿ ಬರುವ ಮಲದಲ್ಲಿ ಜೀರ್ಣರಸವೂ ಇರುತ್ತದೆ. ಸ್ಟೋಮಾದ ಸುತ್ತ ಅಷ್ಟು ಚರ್ಮ ಬಯಲಾಗಿ ಉಳಿದರೆ ಒಂದೇ ದಿನದಲ್ಲಿ ಸುಟ್ಟ ಗಾಯದಂತೆ ಕೆಂಪಾಗಿ ಉರಿಯತೊಡಗುತ್ತದೆ. ಕಪಾಟಿನಲ್ಲಿ ಹಳೆಯ ಚೀಲಗಳು ಮೂರೇ ಉಳಿದಿದ್ದವು. ಆ ವಾರ ಹೊಟ್ಟೆ ಕೆಟ್ಟಿದ್ದರಿಂದ ದಿನಕ್ಕೊಂದು ಬದಲಾಯಿಸಬೇಕಾಗಿತ್ತು. ಕ್ರಿಸ್‌ಮಸ್, ಮರುದಿನ ಬಾಕ್ಸಿಂಗ್ ಡೇ, ಆಮೇಲೆ ಶನಿವಾರ, ಭಾನುವಾರ. ಸರಬರಾಜು ಕಂಪನಿಯ ಫೋನಿನಲ್ಲಿ ಧ್ವನಿಮುದ್ರಿತ ಸಂದೇಶ ಮಾತ್ರ.

ಕೊನೆಗೆ ಕೈಹಿಡಿದದ್ದು ಮಂಚದ ಕೆಳಗಿದ್ದ ಸೂಟ್‌ಕೇಸ್. ಆಗಸ್ಟ್‌ನಲ್ಲಿ ಮೈಸೂರಿಗೆ ಹೋಗಿ ಬಂದಾಗ ಅದರ ಪಕ್ಕದ ಜೇಬಿನಲ್ಲಿ ರಂಧ್ರ ಕತ್ತರಿಸದ ನಾಲ್ಕು ಚೀಲಗಳು ಉಳಿದುಹೋಗಿದ್ದವು. ಬಾಗಿದ ತುದಿಯ ಪುಟ್ಟ ಕತ್ತರಿ ಹಿಡಿದು ಅಡುಗೆಮನೆಯ ದೀಪದ ಕೆಳಗೆ ಒಂದೊಂದನ್ನೇ ಕತ್ತರಿಸಿದೆ. ಅಂಚಿನ ಜುಂಗನ್ನು ಬೆರಳಿನಿಂದ ಸವರಿ ನಯ ಮಾಡಿದೆ. ಅಂಟು ಹಿಡಿಯಲೆಂದು ಚೀಲವನ್ನು ಎರಡು ನಿಮಿಷ ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿ ಹಚ್ಚಿಕೊಂಡೆ. ಆ ನಾಲ್ಕು ಚೀಲಗಳು ಸೋಮವಾರದವರೆಗೆ ದಾಟಿಸಿದವು. ಅಂದು ನಾನು ಉಳಿದದ್ದು ಅದೃಷ್ಟದಿಂದ, ಸಿದ್ಧತೆಯಿಂದಲ್ಲ. ಇದನ್ನು ಬರೆಯುತ್ತಿರುವುದಕ್ಕೆ ಅದೇ ಕಾರಣ.

ಇಲ್ಲಿನ ವ್ಯವಸ್ಥೆ ಉದಾರವಾದದ್ದು, ಅದನ್ನು ಮನಸಾರೆ ಹೇಳುತ್ತೇನೆ. ಭಾರತದಲ್ಲಿ ಬಹುಪಾಲು ಜನ ತಿಂಗಳು ತಿಂಗಳು ಕೈಯಿಂದ ಹಣ ಹಾಕಿ ಚೀಲ ಕೊಳ್ಳುತ್ತಾರೆ. ದುಬಾರಿಯೆಂದು ಒಂದೇ ಚೀಲವನ್ನು ತೊಳೆದು ಮತ್ತೆ ಬಳಸುವವರೂ ಇದ್ದಾರೆ. ಇಲ್ಲಿ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್ ಅದನ್ನು ಔಷಧಿಯಂತೆಯೇ ಪ್ರಿಸ್ಕ್ರಿಪ್ಷನ್ ಮೇಲೆ ಕೊಡುತ್ತದೆ. ಆದರೆ ಆ ಚೀಲ ನಿಮ್ಮ ಮನೆ ಸೇರುವ ಮುನ್ನ ಮೂರು ಕೈ ದಾಟಬೇಕು. ಎಲ್ಲಿ ತಡವಾದರೂ ಕಪಾಟು ಬರಿದಾಗುವುದು ನಿಮ್ಮದೇ.

ಮೂರು ಕೈಗಳು

ಮೊದಲನೆಯವರು ಆಸ್ಪತ್ರೆಯ ಸ್ಟೋಮಾ ನರ್ಸ್. ಶಸ್ತ್ರಚಿಕಿತ್ಸೆಯ ನಂತರ ಮನೆಗೆ ಕಳಿಸುವಾಗ ಮೊದಲ ಕೆಲವು ದಿನಗಳಿಗೆ ಬೇಕಾದ ಸಾಮಗ್ರಿಯನ್ನು ಅವರೇ ಕೊಡುತ್ತಾರೆ. ಯಾವ ಚೀಲ, ಯಾವ ಅಳತೆ, ತಿಂಗಳಿಗೆ ಎಷ್ಟು ಎಂಬ ಪಟ್ಟಿಯನ್ನು ನಿಮ್ಮ ಜಿಪಿಗೆ, ಅಂದರೆ ನೀವು ಹೆಸರು ನೋಂದಾಯಿಸಿರುವ ಸ್ಥಳೀಯ ವೈದ್ಯರಿಗೆ, ಬರೆದು ಕಳಿಸುವವರೂ ಅವರೇ. ಎರಡನೆಯವರು ಜಿಪಿ, ಪ್ರಿಸ್ಕ್ರಿಪ್ಷನ್ ಕೊಡುವವರು. ಮೂರನೆಯವರು ಸಾಮಗ್ರಿ ಮನೆಗೆ ತಲುಪಿಸುವ ಸರಬರಾಜುದಾರರು. ಔಷಧಿ ಅಂಗಡಿಯಿಂದಲೂ ತರಬಹುದು, ಆದರೆ ಹೆಚ್ಚಿನ ಅಂಗಡಿಗಳಲ್ಲಿ ನಿಮ್ಮ ಚೀಲ ಕೈಗೆಟಕುವಂತೆ ಇರುವುದಿಲ್ಲ, ಅವರೂ ತರಿಸಿಯೇ ಕೊಡಬೇಕು. ಸ್ಟೋಮಾ ಸಾಮಗ್ರಿಗೆಂದೇ ಇರುವ ಸರಬರಾಜುದಾರರು ನಿಮ್ಮ ಅಳತೆಗೆ ರಂಧ್ರ ಕತ್ತರಿಸಿ, ಒರೆಸುವ ಬಟ್ಟೆ ಮತ್ತು ಕಸದ ಚೀಲಗಳನ್ನು ಉಚಿತವಾಗಿ ಸೇರಿಸಿ, ಹೊರಗಿನಿಂದ ನೋಡಿದರೆ ಏನೆಂದು ತಿಳಿಯದ ಪೆಟ್ಟಿಗೆಯಲ್ಲಿ ಕಳಿಸುತ್ತಾರೆ. ಯಾರಿಂದ ತರಿಸಿಕೊಳ್ಳಬೇಕು ಎನ್ನುವುದು ನಿಮ್ಮ ಆಯ್ಕೆ. ಸೇವೆ ಸರಿಯಿಲ್ಲದಿದ್ದರೆ ಬದಲಾಯಿಸಬಹುದು, ಸಂಕೋಚ ಬೇಡ.

ಹಣದ ಮಾತು. ವೀಸಾಕ್ಕೆ ಆರೋಗ್ಯ ಶುಲ್ಕವೆಂದು ವರ್ಷಕ್ಕೆ 1,035 ಪೌಂಡ್, ವಿದ್ಯಾರ್ಥಿಗಳಾದರೆ 776 ಪೌಂಡ್ ಕಟ್ಟಿದವರು ಇನ್ನು ಎಲ್ಲವೂ ಉಚಿತ ಎಂದುಕೊಳ್ಳುತ್ತಾರೆ. ಇಂಗ್ಲೆಂಡಿನಲ್ಲಿ ಹಾಗಿಲ್ಲ. 2024ರ ಮೇ ತಿಂಗಳಿನಿಂದ ಪ್ರಿಸ್ಕ್ರಿಪ್ಷನ್ನಿನ ಒಂದೊಂದು ವಸ್ತುವಿಗೂ 9.90 ಪೌಂಡ್. ಚೀಲ ಒಂದು, ಅಂಟು ಬಿಡಿಸುವ ಸ್ಪ್ರೇ ಇನ್ನೊಂದು, ಸೋರದಂತೆ ಸುತ್ತ ಇಡುವ ಉಂಗುರ ಮತ್ತೊಂದು. ತಿಂಗಳಿಗೆ ಮೂವತ್ತು ಪೌಂಡ್ ಹೋದದ್ದೇ ತಿಳಿಯುವುದಿಲ್ಲ. ಆದರೆ ಶಾಶ್ವತ ಸ್ಟೋಮಾ ಇರುವವರಿಗೆ ವಿನಾಯಿತಿ ಪತ್ರ ಸಿಗುತ್ತದೆ. ಜಿಪಿಯ ಕಚೇರಿಯಲ್ಲಿ ಎಫ್‌ಪಿ92ಎ ಎಂಬ ಅರ್ಜಿ ಕೇಳಿ ಪಡೆದು ಸಹಿ ಮಾಡಿಸಿ. ಪತ್ರ ಐದು ವರ್ಷ ನಡೆಯುತ್ತದೆ, ಅದು ಸ್ಟೋಮಾ ಸಾಮಗ್ರಿಗಷ್ಟೇ ಅಲ್ಲ, ನಿಮ್ಮ ಎಲ್ಲ ಎನ್‌ಎಚ್‌ಎಸ್ ಪ್ರಿಸ್ಕ್ರಿಪ್ಷನ್‌ಗಳಿಗೂ ಅನ್ವಯಿಸುತ್ತದೆ. ಅವಧಿ ಮುಗಿಯುವ ದಿನವನ್ನು ಮೊಬೈಲಿನಲ್ಲಿ ಗುರುತು ಹಾಕಿಕೊಳ್ಳಿ. ಪತ್ರವಿಲ್ಲದೆ ಉಚಿತವೆಂದು ಹೇಳಿಕೊಂಡರೆ ದಂಡ ಬೀಳುತ್ತದೆ. ಕೆಲವು ತಿಂಗಳ ನಂತರ ಮುಚ್ಚಲಿರುವ ತಾತ್ಕಾಲಿಕ ಸ್ಟೋಮಾ ಆಗಿದ್ದರೆ ನರ್ಸ್ ಬಳಿ ವಿಚಾರಿಸಿ. ವಿನಾಯಿತಿ ಸಿಗದಿದ್ದರೆ ಮೂರು ತಿಂಗಳಿಗೋ ವರ್ಷಕ್ಕೋ ಒಟ್ಟಾಗಿ ಕಟ್ಟುವ ಮುಂಗಡ ಪಾವತಿ ಪತ್ರ ಅಗ್ಗವಾಗುತ್ತದೆ. ವೇಲ್ಸ್, ಸ್ಕಾಟ್‌ಲೆಂಡ್, ಉತ್ತರ ಐರ್ಲೆಂಡ್‌ಗಳಲ್ಲಿ ಪ್ರಿಸ್ಕ್ರಿಪ್ಷನ್‌ಗೆ ಶುಲ್ಕವೇ ಇಲ್ಲ.

ಎಷ್ಟು ಇಟ್ಟುಕೊಳ್ಳಬೇಕು

ನನ್ನ ಲೆಕ್ಕ ಸರಳ. ಎರಡು ವಾರಕ್ಕೆ ಸಾಕಾಗುವಷ್ಟು ಉಳಿದಿದೆ ಎನ್ನುವಾಗಲೇ ಮುಂದಿನ ತಿಂಗಳದ್ದನ್ನು ಕೇಳಬೇಕು. ಸರಬರಾಜುದಾರರು ಜಿಪಿಯನ್ನು ಕೇಳಿ, ಜಿಪಿ ಒಪ್ಪಿ, ಕತ್ತರಿಸಿ ಕಳಿಸುವಷ್ಟರಲ್ಲಿ ಒಂದು ವಾರ ಸಲೀಸಾಗಿ ಹೋಗುತ್ತದೆ. ಡಿಸೆಂಬರ್‌ನಲ್ಲಿಯೂ ಈಸ್ಟರ್ ಬರುವ ತಿಂಗಳಿನಲ್ಲಿಯೂ ಇನ್ನೊಂದು ವಾರ ಮುಂಚೆ ಕೇಳುತ್ತೇನೆ. ಈಸ್ಟರ್‌ನಲ್ಲಿ ಗುಡ್ ಫ್ರೈಡೆಯಿಂದ ಸೋಮವಾರದವರೆಗೆ ನಾಲ್ಕು ದಿನ ಜಿಪಿ ಬಾಗಿಲು ಹಾಕಿರುತ್ತಾರೆ. ಪೆಟ್ಟಿಗೆ ಬಂದ ದಿನವೇ ತೆರೆದು ಅಳತೆ ನೋಡುವುದನ್ನು ಆ ಕ್ರಿಸ್‌ಮಸ್ ಕಲಿಸಿತು.

ಹಾಗೆಂದು ಆರು ತಿಂಗಳದ್ದನ್ನು ಗುಡ್ಡೆ ಹಾಕಿಕೊಳ್ಳಬೇಡಿ. ಶಸ್ತ್ರಚಿಕಿತ್ಸೆಯಾದ ಮೊದಲ ಆರರಿಂದ ಎಂಟು ವಾರ ಸ್ಟೋಮಾ ಕುಗ್ಗುತ್ತಲೇ ಇರುತ್ತದೆ. ಇಂದಿನ ಅಳತೆ ಮುಂದಿನ ತಿಂಗಳು ಹೊಂದುವುದಿಲ್ಲ. ತೂಕ ಹೆಚ್ಚು ಕಡಿಮೆಯಾದರೂ ಚೀಲದ ಬಗೆ ಬದಲಾಗಬಹುದು. ಅಂಟಿಗೂ ಆಯಸ್ಸಿದೆ, ಪೆಟ್ಟಿಗೆಯ ಮೇಲೆ ದಿನಾಂಕವಿರುತ್ತದೆ. ಹಳೆಯದನ್ನು ಮುಂದೆ, ಹೊಸದನ್ನು ಹಿಂದೆ ಇಡಿ, ಅಮ್ಮ ಬೇಳೆ ಡಬ್ಬಿಗಳನ್ನು ಇಡುತ್ತಿದ್ದಂತೆ. ಬೇಸಿಗೆಯಲ್ಲಿ ಕಾರಿನಲ್ಲಿ ಬಿಡಬೇಡಿ, ಬಿಸಿಗೆ ಅಂಟು ಕರಗುತ್ತದೆ. ತುರ್ತಿಗೆಂದು ಇಡುವ ಚೀಲಗಳಲ್ಲಿ ಒಂದಿಷ್ಟಾದರೂ ರಂಧ್ರ ಕತ್ತರಿಸದವು ಇರಲಿ, ಜೊತೆಗೆ ಅಳತೆಯ ಕಾಗದ ಮತ್ತು ಕತ್ತರಿ.

ನನ್ನ ಕೈಚೀಲದಲ್ಲಿ ಸದಾ ಒಂದು ಪುಟ್ಟ ಜಿಪ್ ಚೀಲವಿರುತ್ತದೆ: ಕತ್ತರಿಸಿಟ್ಟ ಎರಡು ಸ್ಟೋಮಾ ಚೀಲ, ಒರೆಸುವ ಬಟ್ಟೆ, ಅಂಟು ಬಿಡಿಸುವ ವೈಪ್ಸ್, ಕಸದ ಚೀಲ, ಒಂದು ಒಳ ಉಡುಪು, ಓಆರ್‌ಎಸ್ ಪೊಟ್ಟಣ. ಇಲಿಯಾಸ್ಟಮಿ ಇರುವವರ ದೇಹದಿಂದ ನೀರಿನ ಜೊತೆಗೆ ಉಪ್ಪೂ ಹೋಗುತ್ತದೆ, ಬರೀ ನೀರು ಕುಡಿದರೆ ಸಾಲದು. ಅದರ ಜೊತೆ ರಾಡಾರ್ ಕೀಲಿ. ದೇಶದುದ್ದಕ್ಕೂ ರೈಲು ನಿಲ್ದಾಣ, ಮಾಲ್, ಉದ್ಯಾನಗಳಲ್ಲಿ ಬೀಗ ಹಾಕಿದ ಸಾವಿರಾರು ಅಂಗವಿಕಲರ ಶೌಚಾಲಯಗಳನ್ನು ಈ ಒಂದೇ ಕೀಲಿ ತೆರೆಯುತ್ತದೆ. ನೋಡಲು ಆರೋಗ್ಯವಾಗಿಯೇ ಇದ್ದೇನಲ್ಲ, ಅಲ್ಲಿಗೆ ಹೋಗಬಹುದೇ ಎಂದು ಮೊದಲ ವರ್ಷ ಹಿಂಜರಿದೆ. ಹೋಗಬಹುದು, ಅದು ನಮಗೂ ಇರುವಂಥದೇ.

ಎಲ್ಲ ಎಚ್ಚರದ ನಡುವೆಯೂ ಮುಗಿದುಹೋದರೆ ಮೊದಲು ಸರಬರಾಜುದಾರರಿಗೆ, ಆಮೇಲೆ ಸ್ಟೋಮಾ ನರ್ಸ್‌ಗೆ ಫೋನ್ ಮಾಡಿ. ಸ್ಟೋಮಾ ಇರುವವರಿಗೆ ನೆರವಾಗುವ ಕೊಲೊಸ್ಟಮಿ ಯುಕೆ ಎಂಬ ಸಂಸ್ಥೆಯವರೂ ದಾರಿ ಹೇಳುತ್ತಾರೆ. ಕೊಲೊಪ್ಲಾಸ್ಟ್, ಹಾಲಿಸ್ಟರ್, ಕಾನ್ವಾಟೆಕ್‌ನಂಥ ತಯಾರಕರು ಕೇಳಿದರೆ ಮಾದರಿ ಚೀಲಗಳನ್ನು ಉಚಿತವಾಗಿ ಕಳಿಸುತ್ತಾರೆ. ಪೆಟ್ಟಿಗೆಯ ಮೇಲಿನ ಉತ್ಪನ್ನ ಸಂಖ್ಯೆಯ ಫೋಟೋ ಮೊಬೈಲಿನಲ್ಲಿದ್ದರೆ ಫೋನಿನಲ್ಲಿ ತಡವರಿಸಬೇಕಿಲ್ಲ.

ಊರಿಗೆ ಹೋಗುವಾಗ, ಊರಿನಿಂದ ಬರುವಾಗ

ಬೆಂಗಳೂರಿಗೆ ಹೊರಡುವ ಒಂದು ತಿಂಗಳು ಮುಂಚೆಯೇ ಹೆಚ್ಚಿನ ಚೀಲಗಳಿಗೆ ಹೇಳಿಡಿ. ಅಲ್ಲಿನ ಸೆಕೆಗೆ, ಬೆವರಿಗೆ ಅಂಟು ಬೇಗ ಬಿಡುತ್ತದೆ. ನಾನು ಇಲ್ಲಿ ಬಳಸುವುದರ ದುಪ್ಪಟ್ಟು ಒಯ್ಯುತ್ತೇನೆ. ಎಲ್ಲವೂ ಕೈಯಲ್ಲೇ ಇರುವ ಬ್ಯಾಗಿನಲ್ಲಿರಬೇಕು, ಒಂದನ್ನೂ ಚೆಕ್-ಇನ್ ಸಾಮಾನಿಗೆ ಹಾಕಬೇಡಿ. ಭದ್ರತಾ ತಪಾಸಣೆಯಲ್ಲಿ ಕತ್ತರಿಯ ತಕರಾರು ಬಾರದಂತೆ ದಾರಿಗೆ ಬೇಕಾದಷ್ಟನ್ನು ಮನೆಯಲ್ಲೇ ಕತ್ತರಿಸಿಡಿ. ಜಿಪಿಯದೋ ನರ್ಸ್‌ದೋ ಒಂದು ಪತ್ರ ಜೊತೆಗಿರಲಿ. ಊರಿನ ಊಟದಲ್ಲಿ ಒಂದು ಎಚ್ಚರ: ಇಲಿಯಾಸ್ಟಮಿ ಇರುವವರಿಗೆ ತೆಂಗಿನಕಾಯಿ ತುರಿ, ಕಡಲೆಕಾಯಿ, ಮೆಕ್ಕೆಜೋಳದ ತೆನೆ ಕರುಳಿನಲ್ಲಿ ಸಿಕ್ಕಿಕೊಳ್ಳಬಹುದು. ನಾನು ಚಟ್ನಿಯನ್ನು ಬಿಟ್ಟಿಲ್ಲ. ನುಣ್ಣಗೆ ಅರೆಸಿ, ಸ್ವಲ್ಪವೇ ಹಾಕಿಸಿಕೊಂಡು ಚೆನ್ನಾಗಿ ಅಗಿಯುತ್ತೇನೆ. ಸ್ಟೋಮಾದಿಂದ ಏನೂ ಬಾರದೆ ಹೊಟ್ಟೆ ಹಿಂಡಿ ವಾಂತಿಯಾದರೆ ಕಾಯದೆ ಆಸ್ಪತ್ರೆಗೆ ಹೋಗಬೇಕು.

ಸ್ಟೋಮಾ ಇರುವ ತಂದೆತಾಯಿ ಸಂದರ್ಶಕರ ವೀಸಾದಲ್ಲಿ ಇಲ್ಲಿಗೆ ಬರುವುದಾದರೆ ಇರುವಷ್ಟು ದಿನಕ್ಕೂ ಬೇಕಾದ ಚೀಲಗಳನ್ನು, ಇನ್ನಷ್ಟು ಸೇರಿಸಿ, ಅಲ್ಲಿಂದಲೇ ತರಲಿ. ಅವರು ಜಿಪಿಯಲ್ಲಿ ಹೆಸರು ನೋಂದಾಯಿಸಬಹುದಾದರೂ ಆಸ್ಪತ್ರೆಯ ಚಿಕಿತ್ಸೆಗೆ ದೊಡ್ಡ ಮೊತ್ತ ಕಟ್ಟಬೇಕಾಗುತ್ತದೆ. ವಿಮೆ ಮಾಡಿಸುವಾಗ ಸ್ಟೋಮಾ ಇರುವುದನ್ನು ಮುಚ್ಚಿಡಬೇಡಿ.

ಮುಚ್ಚಿಡುವುದು ನಮ್ಮವರಲ್ಲಿ ಹೆಚ್ಚು. ಯಾರಿಗೂ ಹೇಳಬೇಡ ಎಂದು ಅಮ್ಮ ಫೋನಿನಲ್ಲಿ ಅತ್ತದ್ದು ನೆನಪಿದೆ. ಎರಡು ವರ್ಷ ಹೇಳಲಿಲ್ಲ. ಆ ಕ್ರಿಸ್‌ಮಸ್ ಆದ ಮೇಲೆ ಎರಡು ಬೀದಿ ಆಚೆಯಿರುವ ದಾವಣಗೆರೆಯ ಕುಟುಂಬದವರಿಗೆ ಹೇಳಿದೆ. ಐದು ಚೀಲ, ಒಂದು ಕತ್ತರಿ, ಅಳತೆಯ ಕಾಗದ ತುಂಬಿದ ಡಬ್ಬಿಯನ್ನು ಅವರ ಮನೆಯಲ್ಲಿಟ್ಟಿದ್ದೇನೆ. ಗೌರಿ ಹಬ್ಬದ ಬಾಗಿನದ ಮೊರಗಳ ಪಕ್ಕದಲ್ಲಿ ಅದನ್ನು ಇಟ್ಟಿರುವ ಆ ಮನೆಯ ಅಕ್ಕ ವರ್ಷಕ್ಕೊಮ್ಮೆ ಕಪಾಟು ಒರೆಸುವಾಗ ನನಗೆ ಫೋನ್ ಮಾಡಿ, ಡಬ್ಬಿಯ ಮೇಲಿನ ದಿನಾಂಕವನ್ನು ಓದಿ ಹೇಳುತ್ತಾರೆ.