ಮಾತ್ರೆಯ ಡೋಸ್ ಇಳಿಸುವ ವಾರಗಳಲ್ಲಿ ನಾಯಿ ಊಟ ಬಿಟ್ಟರೆ

'ಬೆಳಿಗ್ಗೆಯಿಂದ ಏನೂ ತಿಂದಿಲ್ಲ, ಖಾಲಿ ಹೊಟ್ಟೆಗೆ ಬೇಡ ಅಂತ ಮಾತ್ರೆ ಕೊಟ್ಟಿಲ್ಲ.' ಕಾಯಿಲೆಯ ನಾಯಿ ಇರುವ ಮನೆಗಳಲ್ಲಿ ಈ ಮಾತು ಸಾಮಾನ್ಯ. ಆಡುವವರ ಮನಸ್ಸಿನಲ್ಲಿ ಇರುವುದು ಕಾಳಜಿಯೇ. ಆದರೆ ನಾಯಿ ಕೆಲವು ವಾರಗಳಿಂದ ಪ್ರೆಡ್ನಿಸೊಲೋನ್ ಎಂಬ ಸ್ಟೆರಾಯ್ಡ್ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಈ ಕಾಳಜಿಯೇ ಅದನ್ನು ಮಲಗಿಸಿಬಿಡಬಹುದು. ಊಟ ಬಿಟ್ಟಿತೆಂದು ಮಾತ್ರೆ ತಪ್ಪಿಸುತ್ತಾರೆ, ಮಾತ್ರೆ ತಪ್ಪಿದ್ದಕ್ಕೆ ಹಸಿವು ಇನ್ನಷ್ಟು ಸಾಯುತ್ತದೆ, ಮರುದಿನ ಮತ್ತೆ ಅದೇ. ಮೂರನೆಯ ದಿನಕ್ಕೆ ನಾಯಿ ಎದ್ದು ನಿಲ್ಲಲಾರದೆ ಹೋದಾಗ ಹಳೆಯ ರೋಗ ಮರುಕಳಿಸಿತು ಎಂದುಕೊಳ್ಳುತ್ತಾರೆ.

ಪ್ರೆಡ್ನಿಸೊಲೋನನ್ನು ಔಷಧಿ ಅಂಗಡಿಯವರು ವೈಸೊಲೋನ್, ಓಮ್ನಾಕಾರ್ಟಿಲ್ ಎಂಬ ಹೆಸರಲ್ಲಿ ಕೊಡುತ್ತಾರೆ. ಉಣ್ಣಿಜ್ವರದಲ್ಲಿ ಪ್ಲೇಟ್‌ಲೆಟ್ ತೀರಾ ಕುಸಿದಾಗ, ಚರ್ಮದ ಅಲರ್ಜಿ ಹತೋಟಿ ಮೀರಿದಾಗ, ದೇಹ ತನ್ನ ಕೆಂಪು ರಕ್ತಕಣಗಳನ್ನೇ ನಾಶಮಾಡತೊಡಗಿದಾಗ ಪಶುವೈದ್ಯರು ಇದನ್ನು ಬರೆಯುತ್ತಾರೆ. ಮೂತ್ರಪಿಂಡದ ಮೇಲೆ ಕುಳಿತಿರುವ ಅಡ್ರಿನಲ್ ಎಂಬ ಪುಟ್ಟ ಗ್ರಂಥಿಗಳು ದಿನವೂ ಕಾರ್ಟಿಸಾಲ್ ಎಂಬ ಹಾರ್ಮೋನು ತಯಾರಿಸುತ್ತವೆ. ಹೊರಗಿನಿಂದ ಅದೇ ಕೆಲಸದ ಮಾತ್ರೆ ಬಂದಾಗ ಮಿದುಳು ಆ ಗ್ರಂಥಿಗಳಿಗೆ ಆಜ್ಞೆ ಕಳಿಸುವುದನ್ನು ನಿಲ್ಲಿಸುತ್ತದೆ, ಅವು ಸೊರಗುತ್ತವೆ. ಮಾತ್ರೆಯನ್ನು ಒಮ್ಮೆಲೇ ಕಿತ್ತುಕೊಂಡರೆ ದೇಹದಲ್ಲಿ ಬೇಕಾದಷ್ಟು ಕಾರ್ಟಿಸಾಲ್ ಇರುವುದಿಲ್ಲ. ಮಂಕು, ವಾಂತಿ, ಭೇದಿ, ಹಿಂಗಾಲಿನ ನಡುಕ, ಊಟದ ಮೇಲೆ ಜಿಗುಪ್ಸೆ, ಕೊನೆಗೆ ಕುಸಿತ. ಇದನ್ನು ತಪ್ಪಿಸಲೆಂದೇ ಡೋಸನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುವುದು.

ಒಂದು ಮಾದರಿ ಹೇಳುವುದಾದರೆ, ದಿನಕ್ಕೆ 20 ಮಿ.ಗ್ರಾಂ ತೆಗೆದುಕೊಳ್ಳುತ್ತಿದ್ದ 20 ಕೆ.ಜಿ. ನಾಯಿಗೆ ಒಂದೆರಡು ವಾರಕ್ಕೊಮ್ಮೆ 15, ಆಮೇಲೆ 10, ಆಮೇಲೆ 5, ಕೊನೆಗೆ ದಿನ ಬಿಟ್ಟು ದಿನ 5 ಮಿ.ಗ್ರಾಂ. ರಕ್ತಕಣಗಳ ಕಾಯಿಲೆಯಾದರೆ ಒಂದೊಂದು ಮೆಟ್ಟಿಲಿಗೆ ಮೂರು ನಾಲ್ಕು ವಾರ ಹಿಡಿಯುತ್ತದೆ. ಒಂದು ವಾರವೂ ದಾಟದ ಸಣ್ಣ ಕೋರ್ಸಿಗೆ ಇಷ್ಟೆಲ್ಲ ಬೇಕಾಗದೆಯೂ ಇರಬಹುದು. ನಿಮ್ಮ ನಾಯಿಯ ಮೆಟ್ಟಿಲು ಯಾವುದೆಂದು ಹೇಳಬೇಕಾದವರು ಅದರ ವೈದ್ಯರು. ಚೀಟಿಯಲ್ಲಿ ಮುಂದಿನ ಎಲ್ಲ ಮೆಟ್ಟಿಲುಗಳನ್ನೂ ತಾರೀಖಿನ ಸಮೇತ ಬರೆಸಿಕೊಳ್ಳಿ. ಆ ತಾರೀಖುಗಳನ್ನು ಗೋಡೆಯ ಕ್ಯಾಲೆಂಡರಿಗೆ ಇಳಿಸಿ, ಕೊಟ್ಟ ಮೇಲೆ ಗುರುತು ಹಾಕಿ. ದಿನ ಬಿಟ್ಟು ದಿನದ ಹಂತದಲ್ಲಿ 'ನಿನ್ನೆ ಕೊಟ್ಟೆನೋ ಇಲ್ಲವೋ' ಎಂಬ ಗೊಂದಲ ಬಾರದ ಮನೆ ಇಲ್ಲ. 5, 10, 20 ಮಿ.ಗ್ರಾಂ ಮಾತ್ರೆಯ ಪಟ್ಟಿಗಳು (ಸ್ಟ್ರಿಪ್) ನೋಡಲು ಹತ್ತಿರ ಹತ್ತಿರ ಇರುತ್ತವೆ. ಅಂಗಡಿಯವರು 5 ಇಲ್ಲವೆಂದು 10 ಕೊಟ್ಟರೆ ಅರ್ಧ ಮಾಡಬೇಕೆಂದು ಪಟ್ಟಿಯ ಮೇಲೇ ಪೆನ್ನಿನಲ್ಲಿ ಬರೆದಿಡಿ. ಕೊನೆಯ ನಾಲ್ಕು ಮಾತ್ರೆ ಉಳಿದಾಗಲೇ ಹೊಸ ಪಟ್ಟಿ ಮನೆಗೆ ಬಂದಿರಬೇಕು. ಭಾನುವಾರ ಅಂಗಡಿ ಮುಚ್ಚಿತ್ತು ಎಂಬುದು ಅಡ್ರಿನಲ್ ಗ್ರಂಥಿಗೆ ತಿಳಿಯುವುದಿಲ್ಲ. ಕೊಡುವ ಹೊತ್ತು ಬೆಳಗಿನ ತಿಂಡಿಯ ಜೊತೆ; ರಾತ್ರಿ ಕೊಟ್ಟರೆ ನಡುರಾತ್ರಿ ಮೂತ್ರಕ್ಕೆ ಎದ್ದು ಒದ್ದಾಡುತ್ತದೆ.

ಇಲ್ಲೊಂದು ಸೂಕ್ಷ್ಮ ಇದೆ, ಅದನ್ನು ತಿಳಿದುಕೊಂಡರೆ ಅರ್ಧ ಆತಂಕ ಕಡಿಮೆ. ಈ ಮಾತ್ರೆ ಇರುವಷ್ಟು ದಿನ ನಾಯಿಗೆ ಅಸಹಜ ಹಸಿವು, ಅಸಹಜ ಬಾಯಾರಿಕೆ. ತಟ್ಟೆ ನೆಕ್ಕಿ ಇನ್ನೊಂದು ತಟ್ಟೆ ಕೇಳುತ್ತದೆ. ಡೋಸ್ ಇಳಿದಾಗ ಆ ಹಸಿವೂ ಇಳಿಯಬೇಕು. ಎರಡು ಬಟ್ಟಲು ತಿನ್ನುತ್ತಿದ್ದದ್ದು ಒಂದಕ್ಕೆ ಬಂದು, ಬಾಲ ಆಡಿಸುತ್ತಾ ಓಡಾಡಿಕೊಂಡಿದ್ದರೆ ಅದು ರೋಗವಲ್ಲ. ಹೀಗಾಗಿ ಹೋಲಿಸಬೇಕಾದದ್ದು ಕಳೆದ ವಾರದ ಹಸಿವಿನ ಜೊತೆಯಲ್ಲ, ಕಾಯಿಲೆಗೆ ಮುಂಚಿನ ಹಸಿವಿನ ಜೊತೆ. ಮೆಟ್ಟಿಲು ಇಳಿದ ಕೆಲವೇ ದಿನಗಳಲ್ಲಿ ಅರ್ಧಕ್ಕಿಂತ ಕಡಿಮೆ ತಿನ್ನುತ್ತಾ, ಕರೆದರೆ ತಡವಾಗಿ ಏಳುತ್ತಾ, ವಾಂತಿ ಅಥವಾ ನೀರು ಭೇದಿ ಜೊತೆಗೂಡಿದರೆ ಅದು ಮಾತ್ರೆ ಬೇಗ ಇಳಿಯಿತು ಎಂಬ ಸೂಚನೆ. ಅಂದೇ ವೈದ್ಯರಿಗೆ ಫೋನ್ ಮಾಡಿ. ಎಷ್ಟೋ ಸಲ ಹಿಂದಿನ ಮೆಟ್ಟಿಲಿಗೆ ಹೋಗಿ ಅಲ್ಲಿ ಇನ್ನಷ್ಟು ದಿನ ನಿಲ್ಲಿಸಿದರೆ ಸರಿಹೋಗುತ್ತದೆ. ಕಿವಿ ತಣ್ಣಗಾಗಿ, ವಸಡು ಬಿಳುಚಿ, ನಿಲ್ಲಲು ಕಾಲು ಬಾರದಿದ್ದರೆ ಫೋನಿನಲ್ಲಿ ಹೊತ್ತು ಕಳೆಯದೆ ಆಸ್ಪತ್ರೆಗೆ ಎತ್ತಿಕೊಂಡು ಹೋಗಬೇಕು. ನರದ ಮೂಲಕ ದ್ರವ ಮತ್ತು ಸ್ಟೆರಾಯ್ಡ್ ಚುಚ್ಚುಮದ್ದು ಬೇಕಾಗುವ ಹೊತ್ತು ಅದು.

ಹಾಗಾದರೆ ಉಣ್ಣದ ನಾಯಿಗೆ ಮಾತ್ರೆ ಹೇಗೆ? ಪೂರ್ತಿ ಊಟ ಬೇಕಿಲ್ಲ, ಎರಡು ಚಮಚ ಹೊಟ್ಟೆಗಿಳಿದರೆ ಸಾಕು. ಬೇಯಿಸಿದ ಕೋಳಿಯನ್ನೋ ಮೊಟ್ಟೆಯನ್ನೋ ಕಿವುಚಿ ಗೋಲಿ ಗಾತ್ರದ ಮೂರು ಉಂಡೆ ಮಾಡಿ. ಮೊದಲನೆಯದು ಬರೀ ಉಂಡೆ, ಎರಡನೆಯದರಲ್ಲಿ ಮಾತ್ರೆ, ಮೂರನೆಯದನ್ನು ಮೂಗಿನ ಮುಂದೆ ಹಿಡಿದೇ ಎರಡನೆಯದನ್ನು ಕೊಡಿ. ಮುಂದಿನದರ ಆಸೆಗೆ ಅಗಿಯದೆ ನುಂಗುತ್ತದೆ. ಮಾತ್ರೆ ಕಹಿ, ಆದ್ದರಿಂದ ಪುಡಿಮಾಡಿ ಇಡೀ ತಟ್ಟೆಗೆ ಕಲಸಬೇಡಿ. ಒಮ್ಮೆ ಆ ಕಹಿ ತಗುಲಿದರೆ ನಾಯಿ ಆ ಊಟವನ್ನೇ ಕೈಬಿಡುತ್ತದೆ, ಆಮೇಲೆ ನಿಮ್ಮ ಬಳಿ ಉಳಿದಿದ್ದ ಒಂದು ಇಷ್ಟದ ಪದಾರ್ಥವೂ ಹೋಯಿತು. ಏನೂ ಬೇಡವೆಂದರೆ ಬಾಯಿ ತೆರೆದು ನಾಲಿಗೆಯ ಹಿಂಭಾಗಕ್ಕೆ ಮಾತ್ರೆ ಇಟ್ಟು, ಬಾಯಿ ಮುಚ್ಚಿ ಗಂಟಲು ಸವರಿ, 5ರಿಂದ 10 ಮಿ.ಲೀ. ನೀರನ್ನು ಕೆನ್ನೆಯ ಬದಿಯಿಂದ ಬಿಡಿ. ನುಂಗಿದ ಅರ್ಧ ಗಂಟೆಯೊಳಗೆ ವಾಂತಿಯಾಗಿ ಮಾತ್ರೆ ಕಂಡರೆ, ಮತ್ತೊಂದು ಕೊಡಬಹುದೇ ಎಂದು ಕೇಳಿ ಕೊಡಿ. ಏನೂ ನಿಲ್ಲದಿದ್ದರೆ ಅದೇ ಕೆಲಸದ ಔಷಧ ಚುಚ್ಚುಮದ್ದಿನಲ್ಲಿದೆ. ಕೊಡದೆ ಬಿಡುವುದೊಂದು ಆಯ್ಕೆಯೇ ಅಲ್ಲ. ಅಪಸ್ಮಾರಕ್ಕೆ ಕೊಡುವ ಫೀನೋಬಾರ್ಬಿಟಾಲಿಗೂ ಇದೇ ಮಾತು. ಅದು ಥಟ್ಟನೆ ನಿಂತರೆ ನಿಲ್ಲದ ಫಿಟ್ಸ್ ಬರಬಹುದು.

ಉಣ್ಣಿಜ್ವರದಲ್ಲಿ ಹಸಿವು ಕೊಲ್ಲುವ ಇನ್ನೊಂದು ಕಾರಣ ಡಾಕ್ಸಿಸೈಕ್ಲಿನ್ ಎಂಬ ಆಂಟಿಬಯಾಟಿಕ್. ಸಾಮಾನ್ಯವಾಗಿ 28 ದಿನ ಕೊಡುವ ಈ ಮಾತ್ರೆ ಹೊಟ್ಟೆ ತೊಳಸುತ್ತದೆ, ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಸುಡುತ್ತದೆ. ಊಟದ ಜೊತೆ ಕೊಟ್ಟು ಮೇಲೆ ನೀರು ಕುಡಿಸಿ. ಹಾಲು, ಮೊಸರು, ರಾಗಿ ಗಂಜಿಯ ಜೊತೆ ಮಾತ್ರ ಬೇಡ. ಇವುಗಳಲ್ಲಿರುವ ಸುಣ್ಣದ ಅಂಶ ಔಷಧವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರಲು ಬಿಡದು. ಎರಡು ಗಂಟೆ ಅಂತರವಿರಲಿ. ಜ್ವರ ಬಿಟ್ಟಿತೆಂದು ಹತ್ತನೆಯ ದಿನಕ್ಕೆ ನಿಲ್ಲಿಸಬೇಡಿ. ತಟ್ಟೆಯ ಬಳಿ ಆಸೆಯಿಂದ ಬಂದು, ಮೂಸಿ, ತುಟಿ ನೆಕ್ಕಿ, ಜೊಲ್ಲು ನುಂಗಿ ಮುಖ ತಿರುಗಿಸುವ ನಾಯಿಗೆ ಹಸಿವಿಲ್ಲವೆಂದಲ್ಲ, ಓಕರಿಕೆ ಇದೆ. ಅದಕ್ಕೆ ಹೊಸ ಹೊಸ ತಿಂಡಿ ತೋರಿಸಿದಷ್ಟೂ ತೊಂದರೆ. ವೈದ್ಯರು ಓಕರಿಕೆಗೆ ಮ್ಯಾರೊಪಿಟಂಟ್ ಅಥವಾ ಒಂಡನ್ಸೆಟ್ರಾನ್ ಕೊಟ್ಟ ಮೇಲೆ ಅದೇ ಹಳೆಯ ಊಟವನ್ನೇ ತಿನ್ನುತ್ತದೆ. ಹೊಟ್ಟೆಯ ರಕ್ಷಣೆಗೆ ಸುಕ್ರಾಲ್ಫೇಟ್ ಬರೆದಿದ್ದರೆ ಅದು ಖಾಲಿ ಹೊಟ್ಟೆಗೆ, ಡಾಕ್ಸಿಸೈಕ್ಲಿನ್‌ನಿಂದ ಕನಿಷ್ಠ ಎರಡು ಗಂಟೆ ದೂರ.

ನೋವಿದೆಯೆಂದು ಮನೆಯಲ್ಲಿರುವ ಐಬುಪ್ರೊಫೆನ್, ಡೈಕ್ಲೋಫೆನಾಕ್ ಮಾತ್ರೆಗಳನ್ನು ಕೊಡಲೇಬೇಡಿ. ಅವು ನಾಯಿಗೆ ವಿಷ. ಪ್ರೆಡ್ನಿಸೊಲೋನ್ ಜೊತೆಗಂತೂ, ನಾಯಿಗೆಂದೇ ಬರೆಯುವ ಮೆಲಾಕ್ಸಿಕಾಮ್ ಕೂಡ ಸೇರಬಾರದು. ಹೊಟ್ಟೆಯಲ್ಲಿ ಹುಣ್ಣಾಗಿ ಒಳಗೇ ರಕ್ತ ಸೋರಬಹುದು. ಮಲ ಟಾರಿನಂತೆ ಕಪ್ಪಾಗಿ ಅಂಟಂಟಾಗಿದ್ದರೆ ಅದೇ ಗುರುತು.

ಇನ್ನು ಊಟ. ಸುಮ್ಮನೆ ಮಲಗಿರುವ ನಾಯಿಗೆ ಎಷ್ಟು ಬೇಕೆಂಬ ಲೆಕ್ಕ ಸುಲಭ. ತೂಕವನ್ನು 30ರಿಂದ ಗುಣಿಸಿ 70 ಕೂಡಿಸಿ. 20 ಕೆ.ಜಿ. ನಾಯಿಗೆ ಸುಮಾರು 670 ಕ್ಯಾಲೊರಿ. ಚರ್ಮ ತೆಗೆದು ಬರೀ ನೀರಿನಲ್ಲಿ ಬೇಯಿಸಿದ ಕೋಳಿಯ ಎದೆಮಾಂಸ 250 ಗ್ರಾಂ, ಮೆತ್ತಗಿನ ಅನ್ನ 200 ಗ್ರಾಂ ಸೇರಿದರೆ ಅಷ್ಟಾಗುತ್ತದೆ. ಎರಡು ಮೂರು ದಿನ ಉಪವಾಸವಿದ್ದ ನಾಯಿಗೆ ಮೊದಲ ದಿನ ಇದರ ಮೂರನೇ ಒಂದು ಭಾಗ, ಮರುದಿನ ಮೂರನೇ ಎರಡು, ಆಮೇಲೆ ಪೂರ್ತಿ. ತಿಂದಿತೆಂಬ ಖುಷಿಗೆ ಒಮ್ಮೆಲೇ ಬಡಿಸಿದರೆ ಅಷ್ಟನ್ನೂ ಹೊರಗೆ ಹಾಕುತ್ತದೆ. ದಿನಕ್ಕೆ ನಾಲ್ಕೈದು ಸಲ ಹಂಚಿ ಕೊಡಿ. ಮಾಂಸ ಬೇಯಿಸದ ಮನೆಯವರು ಹೆಸರುಬೇಳೆಯನ್ನು ಒಗ್ಗರಣೆಯಿಲ್ಲದೆ ನುಣ್ಣಗೆ ಬೇಯಿಸಿ ಅನ್ನಕ್ಕೆ ಕಲಸಬಹುದು, ಜೊತೆಗೆ ಕಾಯಿಲೆಯ ನಾಯಿಗೆಂದೇ ಬರುವ ಡಬ್ಬಿ ಆಹಾರವನ್ನು ವೈದ್ಯರಲ್ಲಿ ಕೇಳಿ ತರಬಹುದು. ಮೂತ್ರಪಿಂಡ ಅಥವಾ ಮೇದೋಜೀರಕದ ತೊಂದರೆ ಇರುವ ನಾಯಿಗೆ ಈ ಅಳತೆಗಳು ಬೇರೆ.

ಊಟ ಮೈಬಿಸಿಯಷ್ಟು ಬೆಚ್ಚಗಿದ್ದರೆ ವಾಸನೆ ಏಳುತ್ತದೆ, ಕಾಯಿಲೆಯ ನಾಯಿಯನ್ನು ಎಬ್ಬಿಸುವುದು ಆ ವಾಸನೆಯೇ. ಮಣಿಕಟ್ಟಿನ ಮೇಲೆ ಒಂದು ಹನಿ ಹಾಕಿ ನೋಡಿ, ಸುಡಬಾರದು. ಮೂಗು ಕಟ್ಟಿ ಒಣಗಿದ್ದರೆ ಮೊದಲು ಒದ್ದೆ ಬಟ್ಟೆಯಿಂದ ಒರೆಸಿ. ಕೋಳಿ ಬೇಯಿಸಿದ ನೀರನ್ನು ಎರಡು ಚಮಚ ಮೇಲೆ ಸುರಿಯಿರಿ. ಹದಿನೈದು ನಿಮಿಷ ಮುಂದಿಟ್ಟು, ಮುಟ್ಟದಿದ್ದರೆ ಎತ್ತಿಬಿಡಿ. ತಟ್ಟೆ ಹಿಡಿದು ಅದರ ಹಿಂದೆ ಮನೆಯೆಲ್ಲಾ ಸುತ್ತಬೇಡಿ. ದಿನವಿಡೀ ಮುಂದೆಯೇ ಇರುವ ತಟ್ಟೆ ಓಕರಿಕೆಯ ನಾಯಿಗೆ ಹಿಂಸೆ.

ನಮ್ಮ ಅಡುಗೆಮನೆಯ ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಣ್ಣಿಜ್ವರದಿಂದ ಮೊದಲೇ ರಕ್ತ ಕಡಿಮೆಯಾದ ನಾಯಿಗೆ ಕೋಳಿ ಸಾರಿನ ಅನ್ನ ಕೊಡುವುದೆಂದರೆ ಗಾಯದ ಮೇಲೆ ಬರೆ. ಒಣದ್ರಾಕ್ಷಿ ಇರುವ ಪಾಯಸ, ಕೇಸರಿಬಾತು ಮೂತ್ರಪಿಂಡಕ್ಕೆ ಅಪಾಯ. ತುಪ್ಪ, ಬೆಣ್ಣೆ ಹಾಕಿ ರುಚಿ ಕಟ್ಟಲು ಹೋದರೆ ಮೇದೋಜೀರಕ ಉರಿಯಬಹುದು. ಗ್ಲೂಕೋಸ್ ಬಿಸ್ಕತ್ತು ತಿನ್ನುತ್ತದೆಂದು ಅದರಲ್ಲೇ ದಿನ ತಳ್ಳಿದರೆ ಸ್ನಾಯು ಕಟ್ಟುವ ಪ್ರೋಟೀನ್ ಸಿಗುವುದಿಲ್ಲ. ಪ್ರೆಡ್ನಿಸೊಲೋನ್ ಮಾತ್ರೆಯೋ ಸ್ನಾಯುವನ್ನು ಕರಗಿಸುವಂಥದ್ದು.

ಸಿರಿಂಜಿನಲ್ಲಿ ಉಣಿಸುವುದು ಸಣ್ಣ ಆಸರೆ, ಅದೇ ಊಟವಲ್ಲ. 10 ಮಿ.ಲೀ. ಸಿರಿಂಜಿನಲ್ಲಿ ಸೋಸಿದ ಗಂಜಿ ತುಂಬಿ, ಕೋರೆಹಲ್ಲಿನ ಹಿಂದೆ ಕೆನ್ನೆಯ ಜೇಬಿಗೆ ತುದಿಯಿಟ್ಟು, ಒಮ್ಮೆಗೆ 2 ಮಿ.ಲೀ. ಮಾತ್ರ ಬಿಡಿ. ನುಂಗಿದ್ದು ಕಂಡ ಮೇಲೆ ಮುಂದಿನದು. ತಲೆ ಮೇಲೆತ್ತಿ ಹಿಡಿಯಬಾರದು, ಅದು ಶ್ವಾಸಕೋಶಕ್ಕೆ ಇಳಿದು ನ್ಯುಮೋನಿಯ ಆಗುತ್ತದೆ. ವಾಂತಿ ನಿಲ್ಲದ, ಅರೆಪ್ರಜ್ಞೆಯ ನಾಯಿಗೆ ಬಾಯಿಂದ ಏನೂ ಬೇಡ. ತಲೆ ಒದರಿ ಓಡಲು ನೋಡಿದರೆ ಅಲ್ಲಿಗೇ ನಿಲ್ಲಿಸಿ. ಬಲವಂತ ಮಾಡಿದರೆ ವಾಸಿಯಾದ ಮೇಲೂ ಆ ಆಹಾರ ಕಂಡರೆ ಓಡುತ್ತದೆ.

ನೀರು ಕೆ.ಜಿ.ಗೆ ದಿನಕ್ಕೆ 50ರಿಂದ 60 ಮಿ.ಲೀ. ಹೋಗಬೇಕು. ವಸಡು ಬೆರಳಿಗೆ ಅಂಟಂಟಾಗಿದ್ದರೆ ನೀರು ಸಾಲದು. ವಸಡನ್ನು ಒತ್ತಿ ಬಿಟ್ಟಾಗ ಎರಡು ಸೆಕೆಂಡಿನೊಳಗೆ ಗುಲಾಬಿ ಬಣ್ಣ ಮರಳಬೇಕು. ಬಿಳುಪು, ಹಳದಿ, ಅಥವಾ ಚರ್ಮದ ಕೆಳಗೆ ಕೆಂಪು ಚುಕ್ಕೆ ಕಂಡರೆ ರಕ್ತಪರೀಕ್ಷೆ ತಡಮಾಡಬೇಡಿ. ಗುದದ ಉಷ್ಣತೆ 101ರಿಂದ 102.5 ಡಿಗ್ರಿ ಫ್ಯಾರನ್‌ಹೀಟ್ ಇದ್ದರೆ ಸಹಜ. ದೊಡ್ಡ ನಾಯಿ ಒಂದು ದಿನ ಪೂರ್ತಿ ಏನೂ ಮುಟ್ಟದಿದ್ದರೆ ಫೋನ್, ಎರಡು ದಿನವಾದರೆ ತಪ್ಪದೆ ಆಸ್ಪತ್ರೆ. ಮರಿಯಾದರೆ ಅರ್ಧ ದಿನವೂ ಕಾಯುವಂತಿಲ್ಲ. ಹೋಗುವಾಗ ಕ್ಯಾಲೆಂಡರಿನ ಫೋಟೋ, ಎಲ್ಲ ಮಾತ್ರೆಯ ಪಟ್ಟಿಗಳು, ಹಿಂದಿನ ರಕ್ತಪರೀಕ್ಷೆಯ ಚೀಟಿ ಜೊತೆಗಿರಲಿ. ಬೆಂಗಳೂರಿನ ಹೆಬ್ಬಾಳದ ಪಶುವೈದ್ಯಕೀಯ ಕಾಲೇಜಿನಂಥ ದೊಡ್ಡ ಆಸ್ಪತ್ರೆಗೆ ಹೋದರೂ ವೈದ್ಯರು ಮೊದಲು ಕೇಳುವುದು ಯಾವ ಮಾತ್ರೆ, ಎಷ್ಟು, ಕೊನೆಯದು ಯಾವತ್ತು ಎಂದೇ.

ಮಾತ್ರೆ ಪೂರ್ತಿ ನಿಂತ ಮೇಲೂ ಗ್ರಂಥಿಗಳು ಮೊದಲಿನಂತಾಗಲು ವಾರಗಳು, ಕೆಲವೊಮ್ಮೆ ತಿಂಗಳುಗಳು ಬೇಕು. ಆ ಅವಧಿಯಲ್ಲಿ ನಾಯಿಗೆ ಒತ್ತಡ ತರುವ ದೂರ ಪ್ರಯಾಣ, ಬೇರೆಯವರ ಬಳಿ ಬಿಟ್ಟುಹೋಗುವುದು ಬೇಡ. ಸಂತಾನಹರಣದ ಶಸ್ತ್ರಚಿಕಿತ್ಸೆಯನ್ನೂ ಸಾಧ್ಯವಾದರೆ ಮುಂದೂಡಿ. ದೀಪಾವಳಿ ನಡುವೆ ಬಂದರೆ ಪಟಾಕಿಯ ಮೂರು ದಿನಕ್ಕೆ ಏನು ಮಾಡಬೇಕೆಂದು ಒಂದು ವಾರ ಮೊದಲೇ ವೈದ್ಯರನ್ನು ಕೇಳಿಟ್ಟುಕೊಳ್ಳಿ. ಹೊಸ ವೈದ್ಯರ ಬಳಿ ಯಾವ ಕಾರಣಕ್ಕೆ ಹೋದರೂ ಈ ವರ್ಷ ಸ್ಟೆರಾಯ್ಡ್ ನಡೆದಿತ್ತು ಎಂದು ಕೇಳದೆಯೇ ಹೇಳಿ. ಉಳಿದ ಮಾತ್ರೆಗಳನ್ನು ಮುಂದಿನ ಕೆರೆತಕ್ಕೆ ಬೇಕಾದೀತೆಂದು ಎತ್ತಿಡಬೇಡಿ.