ಬಾಕ್ಸಲ್ಲಿ ಬಂದ ಕೋಳಿಮರಿ: ಮೊದಲ ನಾಲ್ಕೈದು ದಿನ ದಾಟಿಸೋದು ಹೇಗೆ

ಕೋಳಿಮರಿ ಬಾಕ್ಸ್ ಮನೆಗೆ ಬಂತು ಅಂದ್ರೆ ಎಲ್ರೂ ಅದರ ಸುತ್ತ ಮುಗಿಬೀಳ್ತಾರೆ, ಮಕ್ಕಳಿಗೆ ಕೈಗೆತ್ಕೊಳ್ಳೋ ಆಸೆ, ಒಬ್ರು ಫೋಟೋ ತೆಗೀತಿರ್ತಾರೆ, ಇನ್ನೊಬ್ರು ಆಗ್ಲೇ ಹೆಸರಿಡೋಕೆ ಶುರು ಮಾಡಿರ್ತಾರೆ. ನಾನು ಮಾತ್ರ ಕೇಳೋದು ಒಂದೇ, ಶಾಖಕ್ಕೆ ಬಲ್ಬ್ ಹಾಕಿ ಎಷ್ಟೊತ್ತಾಯ್ತು? ಇನ್ನೂ ಇಲ್ಲ, ಈಗ ಹಾಕ್ತೀವಿ ಅಂದ್ರೆ ಅರ್ಧ ಕೆಲಸ ಅಲ್ಲೇ ಕೆಟ್ಟ ಹಾಗೆ. ಮರಿ ಬರೋ ಹಿಂದಿನ ದಿನಾನೇ ಜಾಗ ರೆಡಿ ಮಾಡಿ ಬಲ್ಬ್ ಉರಿಸಿ ಇಡಬೇಕು, ಯಾಕಂದ್ರೆ ಮೇಲಿನ ಗಾಳಿ ಬೇಗ ಬಿಸಿಯಾಗತ್ತೆ, ಕೆಳಗೆ ಹಾಸಿರೋ ಹೊಟ್ಟು ಬಿಸಿಯಾಗೋಕೆ ಗಂಟೆಗಟ್ಲೆ ಬೇಕು, ಮರಿ ನಿಲ್ಲೋದು ಆ ಹೊಟ್ಟಿನ ಮೇಲೆ. ಕಾಲು ತಣ್ಣಗಾದ್ರೆ ಮರಿ ನೀರಿನ ಹತ್ರಾನೂ ಹೋಗಲ್ಲ, ಮೇವಿನ ಹತ್ರಾನೂ ಹೋಗಲ್ಲ, ಒಂದ್ರ ಮೇಲೊಂದು ಬಿದ್ಕೊಂಡು ಮುದುಡಿ ನಿಂತ್ಬಿಡತ್ತೆ.

ಇದು ಯಾಕಿಷ್ಟು ಮುಖ್ಯ ಅಂತ ಹೇಳ್ತೀನಿ. ಮೊಟ್ಟೆ ಒಡೆದು ಹೊರಗೆ ಬರೋ ಮುಂಚೆ ಮರಿ ಒಳಗಿರೋ ಹಳದಿ ಭಾಗಾನ ಹೊಟ್ಟೆಯೊಳಗೆ ಎಳ್ಕೊಂಡಿರತ್ತೆ, ಅದು ಅದರ ಬುತ್ತಿ ಇದ್ದ ಹಾಗೆ. ಆ ಬುತ್ತೀಲಿ ಎರಡು ಮೂರು ದಿನ ನೀರು ಮೇವು ಇಲ್ದೇನೂ ತಡ್ಕೊಳ್ಳತ್ತೆ, ಅದಕ್ಕೇ ಹ್ಯಾಚರಿಯವರು ಬಾಕ್ಸಲ್ಲಿ ಹಾಕಿ ದೂರ ಕಳ್ಸೋಕೆ ಆಗೋದು. ಮೊದಲ ಎರಡು ದಿನ ಎಲ್ಲಾ ಚೆನ್ನಾಗೇ ಇರತ್ತೆ, ನಾವು ನಮ್ಮಷ್ಟು ಜಾಣರಿಲ್ಲ ಅನ್ಕೊಂಡಿರ್ತೀವಿ, ನಾಲ್ಕನೇ ದಿನ ಬೆಳಿಗ್ಗೆ ನೋಡಿದ್ರೆ ಮೂರು ಸತ್ತಿರತ್ತೆ. ಆಗ ಎಲ್ರೂ ನಿನ್ನೆ ಏನ್ ಕೊಟ್ವಿ ಅಂತ ಯೋಚ್ನೆ ಮಾಡ್ತಾರೆ. ನಿನ್ನೇದಲ್ಲ ಅದು, ಬಂದ ದಿನ ತಿನ್ನೋದು ಕಲೀದೇ ಇದ್ದ ಮರಿಗಳು ಬುತ್ತಿ ಖಾಲಿಯಾದ ಮೇಲೆ ಹೋಗಿರತ್ವೆ.

ಹಾಗಾಗಿ ಬಾಕ್ಸ್ ತೆರೆದ ತಕ್ಷಣ ಎಣಿಸ್ತಾ ಎಣಿಸ್ತಾ ಒಂದೊಂದನ್ನೇ ಎತ್ತಿ ಕೊಕ್ಕಿನ ತುದೀನ ನೀರಿಗೆ ಅದ್ದಿ ಬಿಡಿ. ತುದಿ ಮಾತ್ರ, ಮೂಗಿನ ತೂತು ಮುಳುಗಬಾರದು. ಒಂದು ಗುಟುಕು ನುಂಗಿ ತಲೆ ಮೇಲೆತ್ತಿತು ಅಂದ್ರೆ ಅದಕ್ಕೆ ನೀರಿರೋ ಜಾಗ ಗೊತ್ತಾಯ್ತು, ಅದನ್ನ ನೋಡಿ ಉಳಿದವೂ ಬರತ್ವೆ. ನೀರು ಉಗುರು ಬೆಚ್ಚಗಿರ್ಲಿ, ತಣ್ಣೀರು ಬೇಡ. ದೂರದಿಂದ ಬಂದು ಸುಸ್ತಾಗಿದ್ರೆ ಮೊದಲ ದಿನ ಮಾತ್ರ ಲೀಟರಿಗೆ ಒಂದು ದೊಡ್ಡ ಚಮಚ ಸಕ್ಕರೆ ಹಾಕಿ, ಆಮೇಲೆ ಬರೀ ನೀರು. ಮರಿ ಖುಷಿಯಾಗಿ ಕುಡೀತಿದೆ ಅಂತ ವಾರವೆಲ್ಲ ಸಕ್ಕರೆ ನೀರು ಕೊಟ್ಟವರನ್ನ ನೋಡಿದೀನಿ, ಆಮೇಲೆ ಭೇದಿ ಅಂತ ಅವರೇ ಬಂದು ಅಳೋದು. ನೀರಿನ ತಟ್ಟೆ ಆಳ ಇರಬಾರದು, ಅದ್ರಲ್ಲೂ ಗೋಲಿಗಳೋ ತೊಳೆದ ಸಣ್ಣ ಕಲ್ಲುಗಳೋ ತುಂಬಿಡಿ, ಸಂದಿಯಿಂದ ಕುಡೀಲಿ. ಒಂದಿಂಚು ನೀರಲ್ಲೂ ಮರಿ ಮುಳುಗಿ ಸಾಯತ್ತೆ, ಒದ್ದೆಯಾಗಿ ಚಳಿ ಹಿಡಿದೂ ಸಾಯತ್ತೆ.

ನೀರು ಕುಡಿದ ಮೇಲೆ ಮೇವು. ಮೊದಲ ದಿನ ಮೇವಿನ ಡಬ್ಬ ಬಿಟ್ಟು ಹೊಟ್ಟಿನ ಮೇಲೆ ಒರಟು ಕಾಗದಾನೋ ಹಳೇ ಟವೆಲ್ಲೋ ಹಾಸಿ ಅದ್ರ ಮೇಲೇ ಸ್ಟಾರ್ಟರ್ ಫೀಡ್, ಅಂದ್ರೆ ಎಳೇ ಮರಿಗಳಿಗಂತಲೇ ಸಿಗೋ ಮೇವು, ಉದುರಿಸಿ, ಬೆರಳಲ್ಲಿ ಟಕ್ ಟಕ್ ಅಂತ ಕುಟ್ಟಿ ತೋರಿಸಿ, ತಾಯಿಕೋಳಿ ಕೊಕ್ಕಲ್ಲಿ ಕುಟ್ಟೋ ಹಾಗೆ. ನಗಬೇಡಿ, ಕೆಲಸ ಮಾಡತ್ತೆ. ನ್ಯೂಸ್‌ಪೇಪರ್ ಮಾತ್ರ ಬೇಡ, ಅದು ಜಾರತ್ತೆ, ಎಳೇ ಕಾಲು ಎರಡೂ ಕಡೆ ಕತ್ತರಿ ಹಾಗೆ ಅಗಲ ಆಗೋಗತ್ತೆ. ಹಾಗಾದ್ರೆ ಮೆತ್ತನೆ ಬ್ಯಾಂಡೇಜ್ ಪಟ್ಟೀಲಿ ಎರಡೂ ಕಾಲನ್ನ ನಡುವೆ ಸ್ವಲ್ಪ ಅಂತರ ಬಿಟ್ಟು ಸಡಿಲವಾಗಿ ಕಟ್ಟಿ ನಾಲ್ಕು ದಿನ ಬಿಟ್ರೆ ಸುಮಾರು ಮರಿಗಳು ಸರಿಹೋಗತ್ವೆ, ತಡ ಮಾಡಿದ್ರೆ ಕಷ್ಟ. ಮನೇಲಿ ಮೊಟ್ಟೆ ಇಡೋ ಕೋಳಿಗಳ ಲೇಯರ್ ಫೀಡ್ ಇದೆ, ಅದನ್ನೇ ಪುಡಿ ಮಾಡಿ ಹಾಕೋಣ ಅಂತ ಯಾರೂ ಹೊರಡಬೇಡಿ, ಅದ್ರಲ್ಲಿರೋ ಕ್ಯಾಲ್ಸಿಯಂ ಮರಿಯ ಕಿಡ್ನಿ ಹಾಳು ಮಾಡತ್ತೆ. ರಾತ್ರಿ ಮಲಗೋ ಮುಂಚೆ ನಾಲ್ಕೈದು ಮರಿ ಎತ್ತಿ ಕುತ್ತಿಗೆ ಬುಡ, ಎದೆ ಮೇಲ್ಭಾಗ ಮೆಲ್ಲಗೆ ಮುಟ್ಟಿ ನೋಡಿ, ಅಲ್ಲಿ ಮೇವು ಸೇರೋ ಚೀಲ ಇರತ್ತೆ, ಮೆತ್ತಗೆ ಉಬ್ಬಿದ್ರೆ ತಿಂದಿದೆ ಕುಡಿದಿದೆ, ಗಟ್ಟಿ ಇದ್ರೆ ತಿಂದಿದೆ ನೀರು ಸಾಲ್ದು, ಏನೂ ಸಿಗ್ಲಿಲ್ಲ ಅಂದ್ರೆ ಆ ಮರೀನ ಬೇರೆ ತೆಗೆದು ಕೈಯಾರೆ ನೀರು ಮುಟ್ಟಿಸಿ ಕಲಿಸಬೇಕು.

ಇನ್ನು ಶಾಖ. ಮೊದಲ ವಾರ ಮರಿಯ ಬೆನ್ನಿನ ಮಟ್ಟದಲ್ಲಿ 32ರಿಂದ 35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಸುಮಾರು 3 ಡಿಗ್ರಿ ಇಳಿಸ್ತಾ ಹೋಗೋದು. ಥರ್ಮಾಮೀಟರ್ ಇಡಿ, ಆದ್ರೆ ನಂಬೋದು ಮರೀನ. ಬಲ್ಬ್ ಕೆಳಗೆ ಗುಂಪುಕಟ್ಟಿ ಚೀಂವ್ ಚೀಂವ್ ಅಂತ ಕಿರುಚ್ತಿದ್ರೆ ಚಳಿ. ದೂರ ಓಡಿ ಗೋಡೆಗಂಟಿ ಬಾಯ್ಬಿಟ್ಕೊಂಡು ರೆಕ್ಕೆ ಜೋತುಬಿಟ್ಟಿದ್ರೆ ಸೆಕೆ. ಎಲ್ಲಾ ಒಂದೇ ಪಕ್ಕಕ್ಕೆ ಸರಿದಿದ್ರೆ ಇನ್ನೊಂದು ಕಡೆಯಿಂದ ಗಾಳಿ ಹೊಡೀತಿದೆ. ಅಲ್ಲಲ್ಲಿ ಹರಡ್ಕೊಂಡು ಕೆಲವು ತಿಂತಾ ಕೆಲವು ಮಲಗಿದ್ರೆ ನೀವೂ ಹೋಗಿ ಮಲಗಬಹುದು. ಬಲ್ಬ್ ಒಂದೇ ಕಡೆ ಇರ್ಲಿ, ಇನ್ನೊಂದು ಕಡೆ ತಂಪಿರ್ಲಿ, ಮರಿ ತಾನೇ ಜಾಗ ಆರಿಸ್ಕೊಳ್ಳತ್ತೆ. ಬಲ್ಬನ್ನ ವೈರಲ್ಲೇ ನೇತುಹಾಕಿ ಹೋಗಬೇಡಿ, ಸರಪಳೀಲೋ ತಂತೀಲೋ ಭದ್ರವಾಗಿ ಕಟ್ಟಿ, ಒಣ ಹೊಟ್ಟಿನ ಮೇಲೆ ಬಿದ್ರೆ ಮರಿ ಅಲ್ಲ ಮನೇನೇ ಹೋಗತ್ತೆ. ಒಡೀದೇ ಇರಲಿ ಅಂತ ಟೆಫ್ಲಾನ್ ಲೇಪ ಮಾಡಿರೋ ಬಲ್ಬ್ ಸಿಗತ್ತೆ, ಅದು ಬೇಡವೇ ಬೇಡ, ಕಾದಾಗ ಬರೋ ಹೊಗೆ ನಮ್ಮ ಮೂಗಿಗೆ ಗೊತ್ತಾಗಲ್ಲ, ಹಕ್ಕಿಗಳ ಪ್ರಾಣ ತೆಗೆಯತ್ತೆ.

ನನ್ನ ಮೊದಲ ಸಲದ ಕಥೆ ಕೇಳಿ. ಚೌಕದ ದೊಡ್ಡ ರಟ್ಟಿನ ಪೆಟ್ಟಿಗೆ, ಒಂದು ಬಲ್ಬ್, ಎಲ್ಲಾ ಸರಿಯಾಗೇ ಇತ್ತು. ರಾತ್ರಿ ಕರೆಂಟ್ ಹೋಗಿದೆ, ನನಗೆ ಎಚ್ಚರ ಇಲ್ಲ. ಚಳಿಗೆ ಮರಿಗಳೆಲ್ಲ ಮೂಲೇಗೆ ನುಗ್ಗಿ ಒಂದ್ರ ಮೇಲೊಂದು ಹತ್ತಿ ಕೆಳಗಿದ್ದವು ಉಸಿರುಗಟ್ಟಿ ಹೋದ್ವು, ಬೆಳಿಗ್ಗೆ ಎಣಿಸಿದ್ರೆ ಸತ್ತಿದ್ದು ಒಂಬತ್ತು. ಆವತ್ತಿಂದ ನಾನು ಮೂಲೆ ಇರೋ ಪೆಟ್ಟಿಗೇಲಿ ಮರಿ ಬಿಡಲ್ಲ, ರಟ್ಟನ್ನ ಬಾಗಿಸಿ ಗುಂಡಗೆ ಸುತ್ತು ಕಟ್ತೀನಿ, ಪಕ್ಕದಲ್ಲಿ ಬಿಸಿನೀರು ತುಂಬಿ ಬಟ್ಟೆ ಸುತ್ತೋಕೆ ಎರಡು ಬಾಟ್ಲಿ ಯಾವಾಗ್ಲೂ ಇರತ್ತೆ. ಅದೇ ವಾರ ಇನ್ನೊಂದು ತಮಾಷೆ, ಒಂದು ಮರಿ ಕಾಲು ಚಾಚಿ ಕತ್ತು ನೆಲಕ್ಕೆ ಹಾಕಿ ಬಿದ್ದಿತ್ತು, ಇದೂ ಹೋಯ್ತು ಅಂತ ಎತ್ತಿದ್ರೆ ಕಿರುಚ್ಕೊಂಡು ಎದ್ದು ಓಡ್ತು. ಎಳೇ ಮರಿಗಳು ಮಲಗೋದೇ ಹಾಗೆ, ಸತ್ತಂಗೆ.

ದಿನಕ್ಕೆ ಎರಡು ಸಲ ಮರಿಯ ಹಿಂಭಾಗ ನೋಡಿ. ಪ್ರಯಾಣದ ಆಯಾಸಕ್ಕೋ ಶಾಖ ಹೆಚ್ಚುಕಮ್ಮಿ ಆಗಿದ್ದಕ್ಕೋ ಹಿಕ್ಕೆ ಅಂಟ್ಕೊಂಡು ಒಣಗಿ ಬಿರಡೆ ಹಾಕಿದ ಹಾಗೆ ಆಗತ್ತೆ, ಬಿಟ್ರೆ ಒಂದೆರಡು ದಿನದಲ್ಲಿ ಮರಿ ಹೋಗತ್ತೆ. ಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ನೆನೆಸಿ ನೆನೆಸಿ ಬಿಡಿಸಬೇಕು, ಕಿತ್ರೆ ಚರ್ಮ ಹರಿದು ಬರತ್ತೆ. ಒರೆಸಿ ಪೂರ್ತಿ ಒಣಗಿಸಿ ಬಲ್ಬ್ ಕೆಳಗೆ ಬಿಡಿ. ಹೊಟ್ಟೆ ಕಡೆ ಒಣಗಿದ ಚುಕ್ಕೆ ಒಂದು ಕಂಡ್ರೆ ಅದು ಹೊಕ್ಕಳು, ಅದನ್ನ ಮುಟ್ಟಬೇಡಿ, ಗಲೀಜು ಅನ್ಕೊಂಡು ಎಳೆದವರಿದಾರೆ. ಹೊಕ್ಕಳು ಒದ್ದೆಯಾಗಿ ಹೊಟ್ಟೆ ನೀಲಿ ತಿರುಗಿ ಉಬ್ಬಿ ಕೆಟ್ಟ ವಾಸನೆ ಬಂದ್ರೆ ಅದು ಹುಟ್ಟುವಾಗ್ಲೇ ಸೇರಿದ ಸೋಂಕು, ಅಂಥ ಮರಿ ಉಳಿಯೋದು ತುಂಬಾ ಅಪರೂಪ, ನೀವು ಏನು ಮಾಡಿದ್ರೂ ಬಿಟ್ರೂ ಅಷ್ಟೇ.

ಸತ್ತ ಮರಿ ಕಂಡ ಕೂಡ್ಲೇ ತೆಗೀಬೇಕು, ಉಳಿದವು ಅದನ್ನ ಕುಕ್ಕತ್ವೆ, ತುಳಿಯತ್ವೆ. ತೆಗೆಯೋ ಮುಂಚೆ ಒಂದ್ನಿಮಿಷ ನೋಡಿ, ಎಲ್ಲಿ ಬಿದ್ದಿತ್ತು, ಹಿಂಭಾಗ ಕಟ್ಟಿತ್ತಾ, ಹೊಟ್ಟೆ ಹೇಗಿತ್ತು, ಚೀಲದಲ್ಲಿ ಮೇವು ಇತ್ತಾ, ಕ್ಯಾಲೆಂಡರ್ ಮೇಲೆ ಬರೆದಿಡಿ. ಇಪ್ಪತ್ತೈದರಲ್ಲಿ ಮೊದಲ ವಾರ ಒಂದೋ ಎರಡೋ ಹೋದ್ರೆ ಎದೆ ಒಡ್ಕೋಬೇಡಿ, ಎಷ್ಟು ಜೋಪಾನ ಮಾಡಿದ್ರೂ ಕೆಲವು ನಿಲ್ಲಲ್ಲ, ತಾಯಿಕೋಳಿ ಕೆಳಗಿದ್ರೂ ನಿಲ್ಲಲ್ಲ. ದಿನಾ ಒಂದೊಂದು ಹೋಗ್ತಾನೇ ಇದ್ರೆ ಮಾತ್ರ ಸುಮ್ನೆ ಕೂರಬಾರದು, ಆವತ್ತು ಸತ್ತಿದ್ದನ್ನೇ ಕವರಲ್ಲಿ ಸುತ್ತಿ ಪಶುವೈದ್ಯರ ಹತ್ರ ತಗೊಂಡೋಗಿ, ಕೊಯ್ದು ನೋಡಿದ್ರೆ ಕಾರಣ ಗೊತ್ತಾಗತ್ತೆ. ಇಲ್ದಿದ್ರೆ ನಾಯಿ ಕೆದಕದ ಹಾಗೆ ಆಳವಾಗಿ ಗುಂಡಿ ತೋಡಿ ಸುಣ್ಣ ಹಾಕಿ ಮುಚ್ಚಿ.

ಮಂಕಾದ ಮರೀನ ಬೇರೆ ಇಡುವಾಗ ಒಂಟಿಯಾಗಿ ಇಡಬೇಡಿ, ಚುರುಕಾಗಿರೋ ಒಂದು ಮರಿ ಜೊತೆಗಿಡಿ, ಅದನ್ನ ನೋಡಿ ಇದು ತಿನ್ನತ್ತೆ, ಒಂಟಿ ಮರಿ ಕೂಗಿ ಕೂಗೀನೇ ಸೋತ್ಹೋಗತ್ತೆ. ಅಂಟುರೋಗದ ಲಕ್ಷಣ ಇದ್ರೆ ಈ ಮಾತು ನಡೆಯಲ್ಲ. ಮಕ್ಕಳಿಗೆ ಮಾತ್ರ ಸುಳ್ಳು ಹೇಳಬೇಡಿ. ನಮ್ಮ ಮೊಮ್ಮಗಳಿಗೆ ಮರಿ ಅವರಮ್ಮನ ಹತ್ರ ಹೋಯ್ತು ಅಂತ ಯಾರೋ ಹೇಳಿ ಅವಳು ಮೂರು ದಿನ ಗೇಟ್ ಹತ್ರ ಕಾದಿದ್ಲು, ಕೊನೆಗೆ ನಾನೇ ಗುಂಡಿ ತೋರಿಸಿದೆ, ಒಂದು ಸುತ್ತು ಅತ್ತು ಉಳಿದ ಮರಿ ನೋಡೋಕೆ ಹೋದ್ಲು. ಮರಿ ಮುಟ್ಟಿದ ಮೇಲೆ ಸೋಪು ಹಾಕಿ ಕೈ ತೊಳೆಸಿ, ಮುತ್ತು ಕೊಡೋಕೆ ಬಿಡಬೇಡಿ, ಚೆನ್ನಾಗಿರೋ ಮರೀಲೂ ನಮ್ಮ ಹೊಟ್ಟೆ ಕೆಡಿಸೋ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಇರಬಹುದು.

ಮೊದಲ ವಾರ ದಾಟಿದ್ರೆ ಮುಗೀತು ಅನ್ಕೋಬೇಡಿ, ಮೂರನೇ ವಾರದ ಹೊತ್ತಿಗೆ ರಕ್ತಭೇದಿ, ಅದೇ ಕಾಕ್ಸಿಡಿಯೋಸಿಸ್, ಬರೋ ಕಾಲ. ಕೆಳಗೆ ಹಾಸಿರೋ ಹೊಟ್ಟು ಒದ್ದೆಯಾದ್ರೆ ಅದೇ ಅದಕ್ಕೆ ಮನೆ. ಹಿಕ್ಕೇಲಿ ರಕ್ತ ಕಂಡು ಮರಿ ಗರಿ ಕೆದರ್ಕೊಂಡು ತೂಕಡಿಸ್ತಿದ್ರೆ ನಾಳೆ ನೋಡೋಣ ಅನ್ನಬೇಡಿ, ಆವತ್ತೇ ಡಾಕ್ಟರಿಗೆ ಹೇಳಿ ನೀರಲ್ಲಿ ಹಾಕೋ ಔಷಧಿ ತನ್ನಿ, ಒಂದಕ್ಕೆ ಬಂದ್ರೂ ಗುಂಪಿಗೆಲ್ಲಾ ಕೊಡಬೇಕು. ಕೊಕ್ಕರೆ ರೋಗ (ರಾಣಿಖೇತ್), ಗಂಬೊರೊ ಅನ್ನೋ ವೈರಸ್ ರೋಗಗಳಿಗೆ ಲಸಿಕೆ ಇದೆ, ಯಾವ ದಿನ ಯಾವುದು ಅಂತ ಮರಿ ತರುವಾಗ್ಲೇ ಕೇಳಿ ಬರ್ಕೊಳ್ಳಿ. ಹೋದ ಮರಿಗಳ ಲೆಕ್ಕ ತುಂಬಿಸೋಕೆ ಹೊಸ ಮರಿ ತಂದು ಅದೇ ಗುಂಪಿಗೆ ಬಿಡೋದು ಬೇಡ, ದೊಡ್ಡವು ಕುಕ್ಕಿ ಸಾಯಿಸತ್ವೆ, ಮುಂದಿನ ಬ್ಯಾಚಿಗೆ ತನ್ನಿ, ಅದಕ್ಕೂ ಮುಂಚೆ ಜಾಗ ತೊಳೆದು ಬಿಸಿಲಿಗೆ ಒಣಗಿಸಿ.

ಐದಾರು ವಾರಕ್ಕೆ ಮೈತುಂಬ ಗರಿ ಬಂದಿರತ್ತೆ, ಹೊರಗೆ ಚಳಿ ಇಲ್ದಿದ್ರೆ ಬಲ್ಬ್ ತೆಗೀಬಹುದು. ಮೊದಲು ಹಗಲಲ್ಲಿ ಆರಿಸಿ, ಎರಡು ಮೂರು ದಿನ ಬಿಟ್ಟು ರಾತ್ರಿಯೂ ಆರಿಸಿ. ಆ ಮೊದಲ ಕತ್ತಲೆ ರಾತ್ರಿ ಗಾಬರಿಯಾಗಿ ಮತ್ತೆ ಒಂದ್ರ ಮೇಲೊಂದು ಹತ್ತೋ ಚಾನ್ಸ್ ಇರತ್ತೆ, ಹಾಗಾಗಿ ನಾನು ಈಗ್ಲೂ ಟಾರ್ಚ್ ಹಿಡ್ಕೊಂಡು ಒಂದು ಸಲ ಎದ್ದು ಹೋಗಿ ಎಣಿಸಿ ಬಂದೇ ಮಲಗೋದು.