ಕಾಯಿ ಮೂಟೆಗೂ ಜಾಗ, ಸಬ್‌ವೂಫರ್‌ಗೂ ಜಾಗ

ನಮ್ಮ ಹಳೇ ಸ್ವಿಫ್ಟ್‌ನ ಡಿಕ್ಕಿ ಮೊದಲೇ ಚಿಕ್ಕದು, ಇನ್ನೂರು ಚಿಲ್ಲರೆ ಲೀಟರ್ ಅಷ್ಟೇ. ಅದರಲ್ಲಿ ಅಂಗಡಿಯಲ್ಲಿ ಕೂರಿಸಿಕೊಂಡು ಬಂದಿದ್ದ 12 ಇಂಚಿನ ಸಬ್‌ವೂಫರ್ (ದಮ್ ದಮ್ ಅನ್ನುವ ಬೇಸ್ ಶಬ್ದದ ದೊಡ್ಡ ಸ್ಪೀಕರ್), ಅದರ ಎಂಡಿಎಫ್ (ಮರದ ಪುಡಿ ಒತ್ತಿ ಮಾಡಿದ ಹಲಗೆ) ಬಾಕ್ಸ್ ಅರ್ಧಕ್ಕಿಂತ ಜಾಸ್ತಿ ಜಾಗ ನುಂಗಿತ್ತು. ತಿಪಟೂರು ಹತ್ತಿರದ ನಮ್ಮ ಊರಿಗೆ ಹೋದಾಗಲೆಲ್ಲ ಅಮ್ಮ ಎರಡು ಮೂಟೆ ತೆಂಗಿನಕಾಯಿ ಕಟ್ಟಿಡುತ್ತಾರೆ. ಒಂದು ಸಲ ಒಂದು ಮೂಟೆಯನ್ನು ಹೇಗೋ ಡಿಕ್ಕಿಗೆ ತುರುಕಿ, ಇನ್ನೊಂದನ್ನು ಹಿಂದಿನ ಸೀಟಿನಲ್ಲಿ ಅಮ್ಮನ ಪಕ್ಕ ಇಟ್ಟು ಬೆಂಗಳೂರಿಗೆ ಹೊರಟೆ. ಗುಬ್ಬಿ ದಾಟುವ ಹೊತ್ತಿಗೆ ಅಮ್ಮ ಕೇಳಿದರು: "ಆ ಪೆಟ್ಟಿಗೆಗೇನು ಟಿಕೆಟ್ ತಗೊಂಡಿದ್ದೀಯೇನೋ? ಅದು ಹಾಯಾಗಿ ಮಲಗಿದೆ, ನಾನು ಮೂಟೆ ತಬ್ಬಿಕೊಂಡು ಕೂತಿದ್ದೀನಿ."

ಆ ಬಾಕ್ಸ್ ತೆಗೆದು, 10 ಇಂಚಿನ ಸಬ್‌ವೂಫರ್‌ಗೆ ಡಿಕ್ಕಿಯ ಎಡಮೂಲೆಯಲ್ಲಿ ಫೈಬರ್ ಬಾಕ್ಸ್ ಮಾಡಿದ್ದು ಹೀಗೆ. ಹಿಂದಿನ ಚಕ್ರದ ಉಬ್ಬಿನ ಹಿಂದೆ ಒಂದು ಗುಂಡಿ ಇರುತ್ತದಲ್ಲ, ಅಲ್ಲಿ ಚೌಕದ ಪೆಟ್ಟಿಗೆ ಕೂರುವುದಿಲ್ಲ. ಫೈಬರ್‌ಗ್ಲಾಸ್ ಆ ಗುಂಡಿಯ ಆಕಾರವನ್ನೇ ಹಿಡಿಯುತ್ತದೆ. ಅದೇ ಇದರ ಲಾಭ. ಶಬ್ದ ಮಾತ್ರ ಬೇಕು, ಜಾಗದ ಚಿಂತೆ ಇಲ್ಲ ಅನ್ನುವವರು ಸುಮ್ನೆ ಎಂಡಿಎಫ್ ಬಾಕ್ಸ್ ಮಾಡಿಸಿಕೊಳ್ಳಿ. ಅರ್ಧ ದಿನದ ಕೆಲಸ.

ಮೊದಲು ಲೀಟರ್ ಲೆಕ್ಕ. ಸಬ್‌ವೂಫರ್ ಜೊತೆ ಬರುವ ಹಾಳೆಯಲ್ಲಿ ಎಷ್ಟು ಘನ ಅಡಿಯ ಸೀಲ್ಡ್ ಬಾಕ್ಸ್ (ಗಾಳಿ ಆಡದಂತೆ ಮುಚ್ಚಿದ ಪೆಟ್ಟಿಗೆ) ಬೇಕು ಅಂತ ಇರುತ್ತದೆ. ನನ್ನದಕ್ಕೆ 0.65 ಘನ ಅಡಿ ಬರೆದಿತ್ತು. ಒಂದು ಘನ ಅಡಿ ಅಂದರೆ 28.3 ಲೀಟರ್. ಅಲ್ಲಿಗೆ ನನಗೆ ಬೇಕಾದ್ದು 18.4 ಲೀಟರ್. ಸ್ಪೀಕರ್‌ನ ಮ್ಯಾಗ್ನೆಟ್ಟೂ ಬುಟ್ಟಿಯಂಥ ಲೋಹದ ಚೌಕಟ್ಟೂ ಒಳಗೆ ಒಂದೂವರೆ ಲೀಟರ್‌ನಷ್ಟು ಜಾಗ ತಿನ್ನುತ್ತವೆ. ಹಾಗಾಗಿ 20 ಲೀಟರ್ ಅಂತ ಇಟ್ಟುಕೊಂಡೆ. ಪೋರ್ಟ್, ಅಂದರೆ ಗಾಳಿ ಆಡುವ ಕೊಳವೆ, ಇರುವ ಬಾಕ್ಸ್‌ಗೆ ಮೊದಲ ಸಲವೇ ಕೈ ಹಾಕಬೇಡಿ. ಅದರಲ್ಲಿ ಅಳತೆ ಸ್ವಲ್ಪ ತಪ್ಪಿದರೂ ಶಬ್ದ ಕೆಡುತ್ತದೆ. ಸೀಲ್ಡ್ ಬಾಕ್ಸ್ ಒಂದೆರಡು ಲೀಟರ್ ಹೆಚ್ಚುಕಮ್ಮಿಯನ್ನು ಕ್ಷಮಿಸುತ್ತದೆ.

ಸಾಮಾನು ಇಷ್ಟು: ಚದರ ಮೀಟರಿಗೆ 450 ಗ್ರಾಂ ತೂಗುವ ಫೈಬರ್ ಮ್ಯಾಟ್ (ಗಾಜಿನ ಎಳೆಗಳ ಹಾಳೆ) 2 ಕೆ.ಜಿ., ಮ್ಯಾಟಿಗೆ ಹಚ್ಚುವ ಅಂಟಿನಂಥ ಪಾಲಿಯೆಸ್ಟರ್ ರೆಸಿನ್ 5 ಕೆ.ಜಿ., ಅದನ್ನು ಗಟ್ಟಿ ಮಾಡುವ ಹಾರ್ಡ್ನರ್, 18 ಎಂಎಂ ಎಂಡಿಎಫ್ ತುಂಡು, ಎರಡು ಮೀಟರ್ ಫ್ಲೀಸ್ ಬಟ್ಟೆ, ಅಗಲದ ಮಾಸ್ಕಿಂಗ್ ಟೇಪ್, ಅಡುಗೆಮನೆಯ ಅಲ್ಯೂಮಿನಿಯಂ ಫಾಯಿಲ್, ನೆಲಕ್ಕೆ ಹಚ್ಚುವ ವ್ಯಾಕ್ಸ್ ಪಾಲಿಶ್, ಅಗ್ಗದ ಬ್ರಶ್ಶು ಐದಾರು. ಬ್ರಶ್ ತೊಳೆದು ಉಳಿಸಿಕೊಳ್ಳುವ ಆಸೆ ಬೇಡ. ಸ್ಪೀಕರ್ ವೈರು, ಟರ್ಮಿನಲ್‌ಗಳನ್ನು ಬೆಂಗಳೂರಿನ ಜೆ.ಸಿ. ರೋಡಿನಲ್ಲಿ ತಂದೆ. ಮ್ಯಾಟ್, ರೆಸಿನ್ ಎರಡೂ ಫೈಬರ್ ಸಾಮಾನಿನ ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತವೆ.

ಇಲ್ಲಿ ಒಂದು ಮಾತು ಗಟ್ಟಿಯಾಗಿ ಹೇಳಬೇಕು. ಕೆಲವು ಅಂಗಡಿಗಳಲ್ಲಿ ರೆಸಿನ್ ಜೊತೆ ಎರಡು ಬಾಟಲಿ ಕೊಡುತ್ತಾರೆ. ಒಂದು ನೇರಳೆ ಬಣ್ಣದ ಕೋಬಾಲ್ಟ್, ಅಂದರೆ ರೆಸಿನ್ ಬೇಗ ಗಟ್ಟಿಯಾಗಿಸುವ ಆಕ್ಸಿಲರೇಟರ್. ಇನ್ನೊಂದು ನೀರಿನ ಹಾಗೆ ತಿಳಿಯಾದ ಹಾರ್ಡ್ನರ್. ಇವೆರಡನ್ನೂ ನೇರವಾಗಿ ಒಂದಕ್ಕೊಂದು ಯಾವತ್ತೂ ಬೆರೆಸಬಾರದು. ಬೆಂಕಿ ಹೊತ್ತಿಕೊಳ್ಳಬಹುದು, ಸಿಡಿಯಲೂಬಹುದು. ಕೋಬಾಲ್ಟನ್ನು ರೆಸಿನ್‌ಗೆ ಮೊದಲೇ ಹಾಕಿ ಚೆನ್ನಾಗಿ ಕದಡಿ ಕೊಡಿ ಅಂತ ಅಂಗಡಿಯವರಿಗೇ ಹೇಳಿ. ಆಮೇಲೆ ನಿಮ್ಮ ಕೈಗೆ ಬರುವುದು ಹಾರ್ಡ್ನರ್ ಒಂದೇ. ಅದೂ ಕಣ್ಣಿಗೆ ಬಿದ್ದರೆ ಕಣ್ಣೇ ಹೋಗಬಹುದು. ಕನ್ನಡಕ ಹಾಕಿಕೊಳ್ಳಿ, ಪಕ್ಕದಲ್ಲಿ ಒಂದು ಬಕೆಟ್ ನೀರಿರಲಿ. ಕಣ್ಣಿಗೆ ಹನಿ ಸಿಡಿದರೆ ಕಾಲು ಗಂಟೆ ಬಿಡದೆ ತೊಳೆದು ಆಸ್ಪತ್ರೆಗೆ ಓಡಿ. ಮೂಗಿಗೆ ಬಟ್ಟೆ ಕಟ್ಟಿಕೊಂಡರೆ ಸಾಲದು, ಪೇಂಟರ್‌ಗಳು ಹಾಕುವ ಇದ್ದಿಲು ಡಬ್ಬಿಯ ಮಾಸ್ಕ್ ಬೇಕು. ರೆಸಿನ್ ವಾಸನೆಗೆ ತಲೆ ತಿರುಗುತ್ತದೆ. ನಾನು ಕೆಲಸವನ್ನು ಊರಿಗೆ ಒಯ್ದದ್ದು ಅದಕ್ಕೇ. ಅಲ್ಲಿ ಅಂಗಳ ಇದೆ, ಗಾಳಿ ಇದೆ.

ಡಿಕ್ಕಿಯ ಎಡಮೂಲೆಗೆ ಮಾಸ್ಕಿಂಗ್ ಟೇಪನ್ನು ಎರಡು ಪದರ ಅಡ್ಡಡ್ಡ, ಉದ್ದುದ್ದ ಅಂಟಿಸಿ. ಬೇಕಾದ ಜಾಗಕ್ಕಿಂತ ಒಂದು ಗೇಣು ಜಾಸ್ತಿಯೇ ಇರಲಿ. ಅದರ ಮೇಲೆ ಫಾಯಿಲ್, ಫಾಯಿಲ್ ಮೇಲೆ ವ್ಯಾಕ್ಸ್. ಉಳಿದ ಡಿಕ್ಕಿ, ಸೀಟು ಎಲ್ಲಕ್ಕೂ ಪ್ಲಾಸ್ಟಿಕ್ ಹೊದಿಸಿ. ಕಾರ್ಪೆಟ್ ಮೇಲೆ ಒಂದು ಹನಿ ರೆಸಿನ್ ಬಿದ್ದರೂ ಅದು ಕಾರು ಮಾರುವವರೆಗೂ ಅಲ್ಲೇ ಇರುತ್ತದೆ.

ಮ್ಯಾಟನ್ನು ಅಂಗೈ ಅಗಲದ ತುಂಡುಗಳಾಗಿ ಮೊದಲೇ ಹರಿದಿಟ್ಟುಕೊಳ್ಳಿ. ಕತ್ತರಿಸುವುದಕ್ಕಿಂತ ಹರಿಯುವುದು ಒಳ್ಳೆಯದು, ಅಂಚು ಒಂದರೊಳಗೊಂದು ಬೆರೆತು ಗೆರೆ ಕಾಣುವುದಿಲ್ಲ. ರೆಸಿನ್ ಒಂದು ಸಲಕ್ಕೆ ಕಾಲು ಕೆ.ಜಿ.ಗಿಂತ ಜಾಸ್ತಿ ಕಲಸಬೇಡಿ. ನೂರು ಗ್ರಾಂಗೆ ಒಂದರಿಂದ ಎರಡು ಎಂಎಲ್ ಹಾರ್ಡ್ನರ್. ಸೂಜಿ ತೆಗೆದ ಸಿರಿಂಜಿನಲ್ಲಿ ಅಳೆಯಿರಿ. ಬಿಸಿಲಿದ್ದರೆ ಒಂದು, ಮೋಡ ಇದ್ದರೆ ಎರಡು. ಮಳೆಗಾಲದಲ್ಲಿ ಈ ಕೆಲಸವೇ ಬೇಡ. ಕಲಸಿದ ಮೇಲೆ ನಿಮಗೆ ಸಿಗುವುದು ಹದಿನೈದು ಇಪ್ಪತ್ತು ನಿಮಿಷ. ಆಮೇಲೆ ಅದು ಮೊಸರಿನ ಹಾಗೆ ಹೆಪ್ಪುಗಟ್ಟಿ ಕೈಯಲ್ಲೇ ಕಾಯುತ್ತದೆ.

ನನ್ನ ಮೊದಲ ಎಡವಟ್ಟು ಇಲ್ಲೇ ಆದದ್ದು. ಮನೆಯಲ್ಲಿ ಹುಟ್ಟುಹಬ್ಬಕ್ಕೆ ತಂದ ಥರ್ಮಕೋಲ್ ಲೋಟ ಉಳಿದಿದ್ದವು. ಅದರಲ್ಲೇ ರೆಸಿನ್ ಹುಯ್ದೆ. ಹಾರ್ಡ್ನರ್ ಹಾಕಿ ಕದಡುತ್ತಿದ್ದ ಹಾಗೆ ಲೋಟದ ತಳವೇ ಮಾಯ. ಸಕ್ಕರೆ ಕರಗಿದಂತೆ ಕರಗಿ, ಇಡೀ ರೆಸಿನ್ ನನ್ನ ಚಪ್ಪಲಿ ಮೇಲೆ. ಪಾಲಿಯೆಸ್ಟರ್ ರೆಸಿನ್‌ನಲ್ಲಿರುವ ಸ್ಟೈರೀನ್ ಥರ್ಮಕೋಲನ್ನು ತಿಂದುಹಾಕುತ್ತದೆ. ಐಸ್‌ಕ್ರೀಮ್ ಡಬ್ಬಿಯಂಥ ಮೆತ್ತನೆ ಪ್ಲಾಸ್ಟಿಕ್ ಡಬ್ಬಿ ಸಾಕು. ಆ ಚಪ್ಪಲಿ ಈಗಲೂ ಹಿತ್ತಲಲ್ಲಿದೆ, ಕಲ್ಲಿನ ಹಾಗೆ.

ಕಾರಿನೊಳಗೆ, ವ್ಯಾಕ್ಸ್ ಹಚ್ಚಿದ ಫಾಯಿಲ್ ಮೇಲೆ, ಮ್ಯಾಟೂ ರೆಸಿನ್ನೂ ಸೇರಿಸಿ ಎರಡೇ ಪದರ ಹಾಕಿ. ಬ್ರಶ್ಶಿನಲ್ಲಿ ಎಳೆಯಬೇಡಿ, ಮ್ಯಾಟ್ ಕಿತ್ತು ಬರುತ್ತದೆ. ಕುಟ್ಟಿ ಕುಟ್ಟಿ ತೋಯಿಸಿ. ಬಿಳಿ ಮ್ಯಾಟ್ ಗಾಜಿನಂತೆ ಪಾರದರ್ಶಕ ಆಗಬೇಕು. ಬಿಳಿ ಉಳಿದ ಕಡೆ ಗಾಳಿ ಇದೆ ಅಂತ ಅರ್ಥ. ಡಿಕ್ಕಿ ತೆರೆದಿಟ್ಟು ಒಂದು ರಾತ್ರಿ ಬಿಡಿ, ಬೆಳಗ್ಗೆ ಕಿತ್ತು ತೆಗೆಯಿರಿ. ಚಿಪ್ಪು ಹೊರಗೆ ಬಂದ ಮೇಲೆ ಅಂಗಳದಲ್ಲಿಟ್ಟು ಇನ್ನೂ ನಾಲ್ಕೈದು ಪದರ. ಒಂದು ಪದರ ಹತ್ತಿರಹತ್ತಿರ ಒಂದು ಎಂಎಂ ಆಗುತ್ತದೆ. ಆರು ಎಂಎಂ ಇಲ್ಲದಿದ್ದರೆ ಬಾಕ್ಸೇ ಅದುರುತ್ತದೆ. ಒಣಗಿದ ಮೇಲೆ ಕಾಯಿ ತಟ್ಟಿ ನೋಡುವ ಹಾಗೆ ಬೆರಳಿನ ಗೆಣ್ಣಿನಲ್ಲಿ ತಟ್ಟಿ. ಟಕ್ ಟಕ್ ಅಂದರೆ ಸರಿ. ಡಬ್ ಅಂದ ಜಾಗಕ್ಕೆ ಇನ್ನೊಂದು ಪದರ.

ಒಂದು ಗುಟ್ಟು: ರೆಸಿನ್ ಪೂರ್ತಿ ಗಟ್ಟಿಯಾಗುವ ಮೊದಲು, ರಬ್ಬರ್ ಹದಕ್ಕೆ ಬಂದಾಗ, ಅಂಚನ್ನು ಕಟರ್ ಬ್ಲೇಡಿನಲ್ಲಿ ಸಲೀಸಾಗಿ ಕತ್ತರಿಸಬಹುದು. ನಾನು ಊಟಕ್ಕೆ ಹೋಗಿ ಆ ಹದ ತಪ್ಪಿಸಿಕೊಂಡೆ. ಆಮೇಲೆ ಗ್ರೈಂಡರ್ ಹಿಡಿಯಬೇಕಾಯಿತು. ಆ ಧೂಳು ಮೈಗೆ ಹತ್ತಿದರೆ ಎರಡು ದಿನ ತುರಿಕೆ. ತುಂಬು ತೋಳಿನ ಅಂಗಿ ಹಾಕಿ, ಕೈಕುತ್ತಿಗೆಗೆ ಮೊದಲೇ ಪೌಡರ್ ಬಳಿದುಕೊಳ್ಳಿ, ಕೆಲಸ ಮುಗಿದ ಮೇಲೆ ತಣ್ಣೀರಲ್ಲೇ ಸ್ನಾನ ಮಾಡಿ.

ಈಗ ರಾಗಿ. ಚಿಪ್ಪು ಎಷ್ಟು ಲೀಟರ್ ಹಿಡಿಯುತ್ತದೆ ಅಂತ ಅಳೆಯದೆ ಸ್ಪೀಕರ್ ಕೂರುವ ಮುಂಭಾಗ ಕಟ್ಟಬಾರದು. ಆಕಾರ ಅಂಕುಡೊಂಕು, ಟೇಪು ಹಿಡಿದು ಲೆಕ್ಕ ಹಾಕಲು ಆಗುವುದಿಲ್ಲ. ಚಿಪ್ಪನ್ನು ಬಾಯಿ ಮೇಲಾಗಿ ಮಲಗಿಸಿ, ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿ, ಅಮ್ಮನ ಚೀಲದಿಂದ ಲೀಟರ್ ಡಬ್ಬಿಯಲ್ಲಿ ಅಳೆದು ಅಳೆದು ರಾಗಿ ಸುರಿದೆ. ಅಂಚಿನವರೆಗೆ 13 ಲೀಟರ್ ಹಿಡಿಯಿತು. ಇನ್ನು 7 ಲೀಟರ್ ಆ ಮುಂಭಾಗದ ಉಬ್ಬಿನಿಂದ ಬರಬೇಕು. ಹಾಳೆ ಹಾಸಿದ್ದೆ, ಒಂದು ಕಾಳಿಗೂ ಫೈಬರ್ ತಾಗಿಲ್ಲ ಅಂತ ಎಷ್ಟು ಹೇಳಿದರೂ ಅಮ್ಮ ಆ ರಾಗಿಯನ್ನು ಮುದ್ದೆಗೆ ಮುಟ್ಟಲಿಲ್ಲ. ಗಾಜಿನ ಎಳೆ ವಿಷಯ, ಅವರು ಹೇಳಿದ್ದೇ ಸರಿ. ನೀವು ಮರಳು ಬಳಸಿ.

ಎಂಡಿಎಫ್‌ನಲ್ಲಿ ಸ್ಪೀಕರ್ ಕೂರುವ ಉಂಗುರ ಕೊಯ್ದು, ಮರದ ಕಡ್ಡಿಗಳ ಮೇಲೆ ಬಿಸಿ ಅಂಟಿನಿಂದ ನಿಲ್ಲಿಸಿ. ಉಂಗುರ ಮುಂದೆ ಬಂದಷ್ಟೂ ಲೀಟರ್ ಜಾಸ್ತಿ. ಮ್ಯಾಗ್ನೆಟ್ ಹಿಂದೆ ಕನಿಷ್ಠ ಒಂದು ಇಂಚು ಜಾಗ ಇರಲಿ. ಚಿಪ್ಪಿನ ಅಂಚಿನ ವ್ಯಾಕ್ಸನ್ನು ಒರೆಸಿ, 80 ನಂಬರ್ ಉಪ್ಪುಕಾಗದದಲ್ಲಿ ಉಜ್ಜಿ. ಆಮೇಲೆ ಫ್ಲೀಸ್ ಬಟ್ಟೆಯನ್ನು ಉಂಗುರದ ಮೇಲೆ ತಮಟೆಗೆ ಚರ್ಮ ಬಿಗಿದ ಹಾಗೆ ಎಳೆದು, ಉಂಗುರಕ್ಕೆ ಸ್ಟೇಪಲ್, ಚಿಪ್ಪಿನ ಅಂಚಿಗೆ ಫೆವಿಕ್ವಿಕ್. ಸುಕ್ಕಿದ್ದರೆ ಈಗಲೇ ಬಿಡಿಸಿ. ರೆಸಿನ್ ಕುಡಿದ ಮೇಲೆ ಅದು ಶಾಶ್ವತ. ಬಟ್ಟೆ ಪೂರ್ತಿ ತೋಯುವಷ್ಟು ರೆಸಿನ್ ಕೊಡಿ, ಒಣಗಿದ ಮೇಲೆ ಹೊರಗಿನಿಂದ ನಾಲ್ಕು ಪದರ ಮ್ಯಾಟ್.

ಉಂಗುರದ ನಡುವಿನ ಬಟ್ಟೆ ಕತ್ತರಿಸಿ. ಅರ್ಧ ರೆಸಿನ್, ಅರ್ಧ ಬಾಡಿ ಪುಟ್ಟಿಗೆ (ಕಾರಿನ ತಗ್ಗು ತುಂಬುವ ಪೇಸ್ಟು) ಅದರದರ ಹಾರ್ಡ್ನರ್ ಹಾಕಿ, ದೋಸೆ ಹಿಟ್ಟಿಗಿಂತ ತೆಳ್ಳಗೆ ಕಲಸಿ ಒಳಗೆ ಸುರಿಯಿರಿ. ಬಾಕ್ಸನ್ನು ಎತ್ತಿ ನಿಧಾನವಾಗಿ ಹೊರಳಿಸಿ. ಚಿಪ್ಪೂ ಬಟ್ಟೆಯೂ ಸೇರುವ ಸಂದೆಲ್ಲ ತುಂಬಬೇಕು. ಗಾಳಿ ಸೋರುವುದು ಅಲ್ಲಿಂದಲೇ. ಎರಡು ದಿನ ಬಿಟ್ಟು, ಬೀನ್ ಬ್ಯಾಗಿನ ಥರ್ಮಕೋಲ್ ಕಾಳು ತುಂಬಿಸಿ ಕೊನೇ ಅಳತೆ ತೆಗೆದುಕೊಂಡೆ. 19 ಲೀಟರ್ ಬಂತು. ಒಂದು ಲೀಟರ್ ಕಮ್ಮಿ. ಒಳಗೆ ಎರಡು ಹಿಡಿ ದಿಂಬಿನ ಪಾಲಿಯೆಸ್ಟರ್ ಹತ್ತಿ ಹರಡಿದೆ. ಹತ್ತಿ ಇದ್ದರೆ ಬಾಕ್ಸ್ ಇರುವುದಕ್ಕಿಂತ ಸ್ವಲ್ಪ ದೊಡ್ಡದಾಗಿ ವರ್ತಿಸುತ್ತದೆ.

ಪುಟ್ಟಿ, ಉಜ್ಜುವುದು, ಮತ್ತೆ ಪುಟ್ಟಿ. ನನಗೆ ಬೇಜಾರಾಗಿ ಮೇಲೆ ಬೂದು ಕಾರ್ಪೆಟ್ ಅಂಟಿಸಿಬಿಟ್ಟೆ. ಅರ್ಧ ತಪ್ಪು ಅದರಡಿ ಮುಚ್ಚಿಹೋಯಿತು.

ವೈರಿಂಗ್‌ನಲ್ಲಿ ಒಂದೇ ಕಟ್ಟುನಿಟ್ಟು: ಬ್ಯಾಟರಿಯಿಂದ ಬರುವ ಪವರ್ ವೈರಿಗೆ ಬ್ಯಾಟರಿಯಿಂದ ಅರ್ಧ ಮೀಟರ್ ಒಳಗೇ ಫ್ಯೂಸ್ ಇರಬೇಕು. ಸ್ಪೀಕರ್ ಕೂರಿಸಿ, ಸ್ಕ್ರೂ ಬಿಗಿದ ಮೇಲೆ ಅದರ ಕೋನನ್ನು, ಅಂದರೆ ನಡುವಿನ ಅದುರುವ ಭಾಗವನ್ನು, ಎರಡೂ ಅಂಗೈಯಲ್ಲಿ ಮೆಲ್ಲಗೆ ಒಳಕ್ಕೆ ಒತ್ತಿ ಬಿಡಿ. ನಿಧಾನವಾಗಿ ಹಿಂದಕ್ಕೆ ಬಂದರೆ ಸೀಲ್ ಚೆನ್ನಾಗಿದೆ. ಟಕ್ಕನೆ ವಾಪಸು ಬಂದರೆ ಎಲ್ಲೋ ಸೋರುತ್ತಿದೆ.

ಬಾಕ್ಸನ್ನು ಎರಡು ಕ್ಲಾಂಪ್ ಹಾಕಿ, ಕೈಯಲ್ಲೇ ಬಿಚ್ಚುವ ರೆಕ್ಕೆ ನಟ್ಟಿನಿಂದ ಬಿಗಿದಿದ್ದೇನೆ. ಸ್ಟೆಪ್ನಿ ಡಿಕ್ಕಿಯ ತಳದಲ್ಲಿರುತ್ತದೆ, ನೆನಪಿರಲಿ. ಹೋದ ತಿಂಗಳು ನೆಲಮಂಗಲ ಹತ್ತಿರ ಪಂಕ್ಚರ್ ಆಯಿತು. ಬಾಕ್ಸ್ ಎರಡೇ ನಿಮಿಷಕ್ಕೆ ಹೊರಗೆ ಬಂತು. ಕಾಯಿ ಮೂಟೆ ಎರಡನ್ನೂ ಇಳಿಸಿ ಮತ್ತೆ ಏರಿಸಲು ಕಾಲು ಗಂಟೆ ಹಿಡಿಯಿತು. ಅಮ್ಮ ಹಿಂದಿನ ಸೀಟಿನಲ್ಲಿ ಕಾಲು ಚಾಚಿಕೊಂಡು ಮಲಗಿದ್ದರು, ಏಳಲೇ ಇಲ್ಲ.